ಓಟದ ಎತ್ತೋ, ಹಾಯಾದ ಸವಾರಿಯೋ?

ವಾಹನ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಇದು: ವೇಗಕ್ಕೆಂದು ಕೊಂಡದ್ದನ್ನು ಕೊಟ್ಟು, ಮೈಗೆ ಹಾಯೆನಿಸುವುದನ್ನು ತರಬೇಕೆ, ಬೇಡವೆ? ಪೇಟೆಯಲ್ಲಿ ಇದು ಸ್ಪೋರ್ಟ್ಸ್ ಕಾರಿನ ಮಾತು. ಇಬ್ಬರಿಗಷ್ಟೇ ಜಾಗವಿರುವ, ರಸ್ತೆಯ ಪ್ರತಿಯೊಂದು ಗುಂಡಿಯನ್ನೂ ಬೆನ್ನಿಗೆ ತಿಳಿಸುವ ಕಾರನ್ನು ಪ್ರಾಯದಲ್ಲಿ ಇಷ್ಟಪಟ್ಟವನು, ಮಕ್ಕಳಾದ ಮೇಲೆ ನಾಲ್ಕು ಬಾಗಿಲಿನ ಕಾರಿನತ್ತ ನೋಡತೊಡಗುತ್ತಾನೆ.

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಊರುಗಳಿಗೆ ಈ ಪ್ರಶ್ನೆ ಹೊಸದಲ್ಲ. ಅಲ್ಲಿ ಓಟದ ಕಾರಿನ ಜಾಗದಲ್ಲಿ ನಿಂತಿರುವುದು ಜೋಡಿ ಎತ್ತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬಯಲು ಸೀಮೆ ನಾಡಿನ ಅತ್ಯಂತ ವೇಗದ ಎತ್ತುಗಳನ್ನು ಕಂಡ ನೆಲ. ಅವನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬ ಲೆಕ್ಕವನ್ನು ಇಲ್ಲಿನ ರೈತ ಇಂದು ಹಾಕುತ್ತಿದ್ದಾನೆ. ಅದೇ ಲೆಕ್ಕವನ್ನು ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಸರ್ಕಾರವೂ ಹಾಕಿ, ಒಮ್ಮೆ ತಪ್ಪಿಬಿದ್ದದ್ದುಂಟು.

ಬೆಣ್ಣೆ ಚಾವಡಿಯಿಂದ ಫಿರಂಗಿಯವರೆಗೆ

ಈ ಎತ್ತಿನ ಹೆಸರು ಅಮೃತ ಮಹಲ್. ಹೆಸರು ಕೇಳಿದರೆ ಹಾಲಿನ ತಳಿಯೆನಿಸುತ್ತದೆ. ಅದಕ್ಕೆ ಕಾರಣವೂ ಇದೆ. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1672ರಿಂದ 1704) ಅರಮನೆಯ ಹಾಲು-ಬೆಣ್ಣೆಗಾಗಿ ದನದ ಮಂದೆಗಳನ್ನು ಒಂದು ಇಲಾಖೆಯಾಗಿ ಕಟ್ಟಿದರು. ಅದಕ್ಕೆ 'ಬೆಣ್ಣೆ ಚಾವಡಿ' ಎಂದು ಹೆಸರು. ಮಂದೆ ಮೇಯಲು ರಾಜ್ಯದ ಬೇರೆ ಬೇರೆ ಕಡೆ ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ಅವೇ ಇಂದಿಗೂ ನಾವು ಕೇಳುವ 'ಕಾವಲು'ಗಳು.

ಮುಂದೆ ಹೈದರಾಲಿ ಈ ದನಗಳಲ್ಲಿ ಬೆಣ್ಣೆಗಿಂತ ಬೇರೆಯದನ್ನು ಕಂಡ. ಫಿರಂಗಿ ಎಳೆಯಲು ಇವುಗಳನ್ನು ಮೀರಿಸುವ ಪ್ರಾಣಿಯಿಲ್ಲವೆಂದು ಅರಿತು ಮಂದೆಗಳನ್ನು ಬೆಳೆಸಿದ. ಟಿಪ್ಪು ಸುಲ್ತಾನ್ ಹಾಗಲವಾಡಿ ಪಾಳೆಯಗಾರರ ದನಗಳನ್ನೂ ಸೇರಿಸಿಕೊಂಡು, ಇಲಾಖೆಯನ್ನು 'ಅಮೃತ ಮಹಲ್' ಎಂದು ಕರೆದು, ಅದರ ನಿರ್ವಹಣೆಗೆ ಹುಕುಂನಾಮೆ ಹೊರಡಿಸಿದ. ತಳಿಶಾಸ್ತ್ರದ ಪುಸ್ತಕಗಳು ಅಮೃತ ಮಹಲ್‌ನಲ್ಲಿ ಮೂರು ಬಗೆಯ ರಕ್ತ ಕೂಡಿದೆ ಎನ್ನುತ್ತವೆ: ಹಳ್ಳಿಕಾರ್, ಹಾಗಲವಾಡಿ ಮತ್ತು ಚಿತ್ರದುರ್ಗ. ಅಂದರೆ ಈ ಓಟದಲ್ಲಿ ದುರ್ಗದ ಸೀಮೆಯ ಪಾಲೂ ಇದೆ.

ಓಟವೆಂದರೆ ಎಷ್ಟು? ಸಾಮಾನ್ಯ ಗಾಡಿ ಎತ್ತು ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ನಡೆಯುತ್ತದೆ. ಹೈದರಾಲಿ ಚಿದಂಬರಂ ರಕ್ಷಣೆಗೆಂದು ಫಿರಂಗಿಗಳೊಡನೆ ನೂರು ಮೈಲಿಯನ್ನು, ಎಂದರೆ 160 ಕಿಲೋಮೀಟರನ್ನು, ಎರಡೂವರೆ ದಿನದಲ್ಲಿ ಕ್ರಮಿಸಿದನೆಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ಅದು 1781ರ ಮಾತು. ದಿನಕ್ಕೆ ಹದಿನೈದಿಪ್ಪತ್ತು ಕಿಲೋಮೀಟರ್ ನಡೆದರೆ ದೊಡ್ಡದೆನ್ನುವ ಸೈನ್ಯಗಳ ಕಾಲದಲ್ಲಿ ಇದು ನಂಬಲು ಕಷ್ಟವಾದ ವೇಗ. ಸೋತಾಗಲೂ ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಎಳೆದುಕೊಂಡು ಹೋಗಲು ಹೈದರನಿಗೆ ನೆರವಾದವೂ ಈ ಎತ್ತುಗಳೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆಗಳು ಇಂಗ್ಲಿಷರ ಕೈಸೇರಿದವು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿದ ಆರ್ಥರ್ ವೆಲ್ಲೆಸ್ಲಿ ಇವುಗಳ ಬೆಲೆ ಬಲ್ಲವನಾಗಿದ್ದ. ಸ್ಪೇನ್-ಪೋರ್ಚುಗಲ್ ಯುದ್ಧದ ಕಾಲದಲ್ಲಿ ಮೈಸೂರಿನ ಎತ್ತುಗಳು ಬಳಿಯಿಲ್ಲವಲ್ಲ ಎಂದು ಆತ ಮರುಗಿದ್ದನಂತೆ.

ವೇಗದ ಗುಟ್ಟು

ಅಮೃತ ಮಹಲ್ ಎತ್ತನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಬೂದು ಬಣ್ಣ, ತೆಳುವಾದರೂ ಬಿಗಿಯಾದ ಮೈ, ಉದ್ದ ಮುಖ, ಬುಡದಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಮೇಲಕ್ಕೆ ಚಾಚಿದ ಚೂಪು ಕೊಂಬು, ಗಟ್ಟಿಯಾದ ಕರಿ ಗೊರಸು. ಮೈಯಲ್ಲಿ ಬೇಡದ ಮಾಂಸವಿಲ್ಲ. ಹಗುರ ದೇಹಕ್ಕೆ ಬಲವಾದ ಕಾಲು. ಹಗುರ ಮೈಗೆ ದೊಡ್ಡ ಎಂಜಿನ್ ಕೂರಿಸುವ ಸ್ಪೋರ್ಟ್ಸ್ ಕಾರಿನ ಸೂತ್ರವೂ ಇದೇ.

ಹಾಗೆಯೇ ಅದರ ಕುಂದುಗಳೂ ಸ್ಪೋರ್ಟ್ಸ್ ಕಾರಿನವೇ. ಕಾವಲಿನಲ್ಲಿ ಹೆಚ್ಚು ಕಡಿಮೆ ಕಾಡುಪ್ರಾಣಿಯಂತೆ ಬೆಳೆದ ಕರು ಸುಲಭಕ್ಕೆ ಪಳಗದು. ಮೂಗುದಾರ ಹಾಕಿ ನೊಗಕ್ಕೆ ಒಗ್ಗಿಸಲು ತಿಂಗಳುಗಟ್ಟಲೆ ತಾಳ್ಮೆ ಬೇಕು. ಹೊಸಬರು ಹತ್ತಿರ ಸುಳಿದರೆ ಹಾಯುತ್ತದೆ. ಹಸುವಿನ ಹಾಲು ಒಂದು ಸೂಲಿಗೆ ಸರಾಸರಿ 600 ಕೆ.ಜಿ.ಯನ್ನೂ ಮುಟ್ಟುವುದಿಲ್ಲ, ಕರು ಕುಡಿದು ಮಿಕ್ಕಿದರೆ ಮನೆಗೆ. ಹಿಂಡಿ, ಹುರುಳಿ, ಲಾಳದ ಖರ್ಚು ಮಾತ್ರ ವರ್ಷವಿಡೀ ಇದ್ದೇ ಇರುತ್ತದೆ.

ಮಾರಿ ಕೈ ಸುಟ್ಟುಕೊಂಡ ಸರ್ಕಾರ

ಈ ಖರ್ಚಿನ ಲೆಕ್ಕವೇ 1860ರಲ್ಲಿ ಸರ್ಕಾರದ ಮುಂದೆ ಬಂತು. ಆಗ ಮದ್ರಾಸಿನ ಗವರ್ನರ್ ಆಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್‌ಗೆ ಮಿತವ್ಯಯ ಮುಖ್ಯವಾಗಿತ್ತು. ಸಾವಿರಾರು ದನಗಳನ್ನು ಮೇಯಿಸುತ್ತ ಕೂರುವುದೇಕೆ, ಬೇಕಾದಾಗ ಸಂತೆಯಲ್ಲಿ ಕೊಂಡರಾಯಿತು ಎಂಬ ವಾದ ಗೆದ್ದಿತು. ಇಲಾಖೆ ಮುಚ್ಚಿತು, ಮಂದೆಗಳು ಹರಾಜಾದವು. ಕೊಂಡವರಲ್ಲಿ ಈಜಿಪ್ಟಿನ ಪಾಷಾನೂ ಇದ್ದನೆಂಬುದು ದಾಖಲೆಯ ಮಾತು.

ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸೈನ್ಯಕ್ಕೆ ಎತ್ತು ಬೇಕಾದಾಗ ಆ ಗುಣದ ಎತ್ತು ಸಂತೆಯಲ್ಲಿ ಸಿಗಲಿಲ್ಲ. ರೈತರ ಬಳಿಯಿದ್ದ ಒಳ್ಳೆಯ ತಳಿಗೂ ಕಾವಲಿನ ಹೋರಿಗಳೇ ಮೂಲವಾಗಿದ್ದವು. ಮೂಲ ಬತ್ತಿದಾಗ ಊರ ದನವೂ ಸೊರಗಿತು. ಆರೇಳು ವರ್ಷ ಕಳೆಯುವಷ್ಟರಲ್ಲಿ ಇಲಾಖೆಯನ್ನು ಮತ್ತೆ ತೆರೆಯಬೇಕಾಯಿತು. ಚದುರಿಹೋಗಿದ್ದ ದನಗಳನ್ನು ಹುಡುಕಿ ಕಲೆಹಾಕಿ ಮಂದೆ ಕಟ್ಟಲಾಯಿತು. ಮುಂದೆ ಅದು ಮೈಸೂರು ಸರ್ಕಾರಕ್ಕೆ ಬಂದು, 1923ರಲ್ಲಿ ಸೈನ್ಯದಿಂದ ಕೃಷಿ ಇಲಾಖೆಗೆ ವರ್ಗವಾಯಿತು. ಇಂದು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಆ ಪರಂಪರೆಯ ವಾರಸುದಾರ. ಅಲ್ಲಿ ನಡೆಯುವ ಹೋರಿಗರುಗಳ ಹರಾಜಿಗೆ ದೂರದ ಜಿಲ್ಲೆಗಳಿಂದ ರೈತರು ಬರುತ್ತಾರೆ. ಜೋಡಿಯೊಂದು ಲಕ್ಷ ರೂಪಾಯಿ ದಾಟಿದ ಉದಾಹರಣೆಗಳಿವೆ.

ಕಾರಿನ ಲೋಕದಲ್ಲೂ ಅದೇ ಕಥೆ

ವೇಗ ಮತ್ತು ಸುಖದ ನಡುವಿನ ಎಳೆದಾಟವನ್ನು ಬೆಂಗಳೂರಿನ ಒಂದು ಕಾರಖಾನೆಯೂ ಕಂಡಿದೆ. ಸಿಪಾನಿ ಸಂಸ್ಥೆ 1980ರ ದಶಕದ ಮೊದಲಲ್ಲಿ 'ಡಾಲ್ಫಿನ್' ಎಂಬ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರು ಅದರ ಮೂಲ. ಫೈಬರ್ ಗ್ಲಾಸಿನ ಮೈ, 848 ಸಿಸಿ ಎಂಜಿನ್, ಎರಡೇ ಬಾಗಿಲು. ಹಗುರವಾಗಿದ್ದುದರಿಂದ ರ‍್ಯಾಲಿ ಓಡಿಸುವವರಿಗೆ ಅದು ಅಚ್ಚುಮೆಚ್ಚಾಯಿತು.

ಆದರೆ ಕಾರು ಕೊಳ್ಳುವವರೆಲ್ಲ ರ‍್ಯಾಲಿಗೆ ಹೋಗುವುದಿಲ್ಲ. ಹಿಂದಿನ ಸೀಟಿಗೆ ಅಜ್ಜಿಯನ್ನು ಹತ್ತಿಸಬೇಕಾದ ಮನೆಗೆ ಎರಡು ಬಾಗಿಲು ಸಾಲದು. 1983ರ ಕೊನೆಯಲ್ಲಿ ಬಂದ ಮಾರುತಿ 800 ನಾಲ್ಕು ಜನ ಸಲೀಸಾಗಿ ಹತ್ತಿ ಇಳಿಯುವ ಕಾರಾಗಿತ್ತು. ಸಿಪಾನಿಯೂ ಹೆಚ್ಚು ಬಾಗಿಲುಗಳ 'ಮೊಂಟಾನಾ' ತಯಾರಿಸಿತು. ಹಗುರ ಓಟದ ಡಾಲ್ಫಿನ್ ಹಿಂದೆ ಸರಿಯಿತು.

ಹಳ್ಳಿಯಲ್ಲಿ ಇದೇ ಬದಲಾವಣೆ ಗಾಡಿಯ ಚಕ್ರದಲ್ಲಿ ಕಂಡಿತು. ಕಬ್ಬಿಣದ ಪಟ್ಟಿಯ ಮರದ ಚಕ್ರ ಹೋಗಿ ಟೈರು ಗಾಡಿ ಬಂತು. ಕುಲುಕು ಕಡಿಮೆಯಾಯಿತು, ಹೊರೆ ಹೆಚ್ಚಿತು. ಬೆಂಗಳೂರಿನ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಗಾಗಿ ಬಹುಕಾಲ ದುಡಿದರು. ನೊಗ ಒತ್ತಿ ಎತ್ತಿನ ಹೆಗಲಿಗಾಗುವ ಗಾಯ, ಬಿಗಿದ ಅಚ್ಚಿನಿಂದ ವ್ಯರ್ಥವಾಗುವ ಶಕ್ತಿ ಅವರ ಗಮನದಲ್ಲಿದ್ದವು. ಕಾರಿನಲ್ಲಿ ಸುಖವೆಂದರೆ ಕುಳಿತವರ ಸುಖ ಮಾತ್ರ. ಗಾಡಿಯಲ್ಲಿ ಎಳೆಯುವ ಜೀವದ ಸುಖವೂ ಲೆಕ್ಕಕ್ಕೆ ಬರಬೇಕು.

ರೈತನ ಮುಂದಿರುವ ಲೆಕ್ಕ

ಈಗ ಬಯಲು ಸೀಮೆಯ ಮನೆಯೊಂದರ ಲೆಕ್ಕ ನೋಡಿ. ಉಳುಮೆಯನ್ನು ಬಾಡಿಗೆ ಟ್ರ್ಯಾಕ್ಟರ್ ಗಂಟೆಗಳಲ್ಲಿ ಮುಗಿಸುತ್ತದೆ. ಪೇಟೆಗೆ ಹೋಗಲು ಬೈಕು, ಬಸ್ಸು ಇವೆ. ಮಿಶ್ರತಳಿ ಹಸು ಕಟ್ಟಿದರೆ ಡೇರಿಗೆ ಎರಡು ಹೊತ್ತು ಹಾಲು ಹಾಕಿ ನಿಗದಿಯಾಗಿ ಹಣ ಎಣಿಸಬಹುದು. ಜೋಡಿ ಎತ್ತು ಮಾತ್ರ ವರ್ಷದ ಬಹುಪಾಲು ದಿನ ಕೊಟ್ಟಿಗೆಯಲ್ಲಿ ನಿಂತು ಮೇಯುತ್ತದೆ.

ಹಾಗಾದರೆ ಇಟ್ಟುಕೊಳ್ಳುವುದೇಕೆ? ಗೊಬ್ಬರ ಒಂದು ಕಾರಣ. ಟ್ರ್ಯಾಕ್ಟರ್ ಹೋಗದ ಸಾಲುಗಳಲ್ಲಿ ಕುಂಟೆ ಹೊಡೆಯಲು ಎತ್ತು ಬೇಕು ಎಂಬುದು ಇನ್ನೊಂದು. ಮೂರನೆಯದು ಹಣದಲ್ಲಿ ಹೇಳಲಾಗದ್ದು. ಸಿದ್ಧಗಂಗೆಯಲ್ಲೋ ಘಾಟಿ ಸುಬ್ರಹ್ಮಣ್ಯದಲ್ಲೋ ದನದ ಜಾತ್ರೆ ಕಟ್ಟಿದಾಗ ಒಳ್ಳೆಯ ಜೋಡಿಯ ಸುತ್ತ ಜನ ಸೇರುತ್ತಾರೆ. ಆ ಜೋಡಿಯ ಒಡೆಯನನ್ನು ಹೆಸರು ಹಿಡಿದು ಕೇಳುತ್ತಾರೆ. ಡೇರಿಯ ಹಾಲಿನ ಚೀಟಿ ಅಂಥ ಮಾನ ತರುವುದಿಲ್ಲ.

ಗಾಡಿ ಓಟದ ಆಕರ್ಷಣೆಯೂ ಇದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿದಾಗ ಓಟದ ಎತ್ತು ಕೆಲಸವಿಲ್ಲದ ಎತ್ತಾಯಿತು. ಕರ್ನಾಟಕ 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ ಮತ್ತು ಗಾಡಿ ಓಟಗಳಿಗೆ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಓಟದ ಎತ್ತಿನ ಬೆಲೆ ಹುಲ್ಲು ಹಿಂಡಿಯ ಜೊತೆಗೆ ನ್ಯಾಯಾಲಯದ ತೀರ್ಪನ್ನೂ ಅವಲಂಬಿಸಿದೆ ಎಂಬುದು ಇದರಿಂದ ತಿಳಿಯುತ್ತದೆ.

ಮಾರುವುದಾದರೆ ಹೊತ್ತು ನೋಡಬೇಕು. ಕಾರಿಗೆ ಎಷ್ಟನೇ ವರ್ಷದ ಮಾಡೆಲ್ ಎಂದು ಕೇಳುವಂತೆ ಎತ್ತಿಗೆ ಹಲ್ಲು ನೋಡುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲಿನ ಜೋಡಿಗೆ ಗಿರಾಕಿ ಹೆಚ್ಚು. ಬಾಯ್ಗೂಡಿ ಕೆಲವು ವರ್ಷ ಕಳೆದರೆ ಬೆಲೆ ಇಳಿಯುತ್ತದೆ. ಗೋಹತ್ಯೆಯ ವಿರುದ್ಧದ 2020ರ ಕಾಯ್ದೆ ಎತ್ತುಗಳಿಗೂ ಅನ್ವಯಿಸುವುದರಿಂದ ದುಡಿಯಲಾರದ ಎತ್ತನ್ನು ಕೊಳ್ಳುವವರು ವಿರಳ. ತಡಮಾಡಿದರೆ ಕೊನೆಯವರೆಗೂ ಸಾಕುವ ಹೊಣೆ ಒಡೆಯನದೇ.

ಮಾರಿದ್ದನ್ನು ಮತ್ತೆ ಕೊಳ್ಳಬಹುದೆ?

ಇಲ್ಲಿಯವರೆಗೆ ಎತ್ತಿನ ಲೆಕ್ಕವೂ ಕಾರಿನ ಲೆಕ್ಕವೂ ಒಂದೇ ದಾರಿಯಲ್ಲಿವೆ. ಬೇರೆಯಾಗುವುದು ಒಂದು ಕಡೆ. ಕಾರು ಮಾರಿದವನಿಗೆ ಮತ್ತೆ ಆಸೆ ಹುಟ್ಟಿದರೆ ಕಾರಖಾನೆಯಲ್ಲಿ ಇನ್ನೊಂದು ಸಿಗುತ್ತದೆ. ತಳಿಗೆ ಅಂಥ ಕಾರಖಾನೆಯಿಲ್ಲ. ಅದು ಹಸು, ಹೋರಿ ಮತ್ತು ಮೇಯುವ ನೆಲ ಮೂರೂ ಇದ್ದಲ್ಲಿ ಮಾತ್ರ ಉಳಿಯುತ್ತದೆ. ವೀರ್ಯವನ್ನು ಹೆಪ್ಪುಗಟ್ಟಿಸಿ ಇಡಬಹುದು. ಕಾವಲಿನ ಬಿಸಿಲಲ್ಲಿ ಮೈಲಿಗಟ್ಟಲೆ ನಡೆದು ಗಟ್ಟಿಯಾದ ಗೊರಸನ್ನು, ಎತ್ತು ಪಳಗಿಸುವ ಕೈಯನ್ನು ಇಡಲಾಗದು.

ಆ ನೆಲವೂ ಕರಗುತ್ತಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರ ಮತ್ತಿತರ ಕಾವಲುಗಳ ಸಾವಿರಾರು ಎಕರೆಯನ್ನು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ನೀಡಲಾಯಿತು. 2017ರ ಮೇ ತಿಂಗಳಲ್ಲಿ ಅಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ನೆಲೆ ಉದ್ಘಾಟನೆಯಾಗಿ, ಪೈಲಟ್ ಇಲ್ಲದ ವಿಮಾನಗಳ ಹಾರಾಟ ನಡೆದಿದೆ. ಫಿರಂಗಿ ಎಳೆಯುವ ವೇಗವನ್ನು ಬೆಳೆಸಿದ ನೆಲ ಇನ್ನೊಂದು ವೇಗಕ್ಕೆ ದಾರಿಬಿಟ್ಟಿದೆ. ಮೇವು ಕಳೆದುಕೊಂಡ ಊರುಗಳವರು ನ್ಯಾಯಮಂಡಳಿಯ ಬಾಗಿಲು ತಟ್ಟಿದ್ದರು.

ಹೀಗಿರುವಾಗ ಸುಖವನ್ನು ಆರಿಸಿಕೊಂಡ ರೈತನನ್ನು ದೂರುವುದು ಅನ್ಯಾಯ. ಮಂಡಿ ನೋಯುವ ವಯಸ್ಸಿನಲ್ಲಿ ಹಾಯುವ ಎತ್ತಿನ ಮುಂದೆ ನಿಲ್ಲೆಂದು ಯಾರೂ ಹೇಳಲಾಗದು. ಮಕ್ಕಳ ಶಾಲೆಯ ಶುಲ್ಕ ಹಾಲಿನ ಹಣದಿಂದಲೇ ಹುಟ್ಟಬೇಕಾದ ಮನೆಯಲ್ಲಿ ಜಾತ್ರೆಯ ಮಾನ ಎರಡನೆಯದಾಗುತ್ತದೆ. ಮಧ್ಯದ ದಾರಿಯೂ ಇಲ್ಲದಿಲ್ಲ. ಜೋಡಿಯನ್ನು ಕೊಟ್ಟರೂ ಒಂದು ನಾಟಿ ಹಸುವನ್ನು ಉಳಿಸಿಕೊಂಡು ಒಳ್ಳೆಯ ಹೋರಿಗೆ ಕೊಡಿಸುವವರಿದ್ದಾರೆ. ಅಂಥ ಕೊಟ್ಟಿಗೆಯಲ್ಲಿ ಮತ್ತೊಂದು ಜೋಡಿ ಹುಟ್ಟುವ ಬಾಗಿಲು ತೆರೆದಿರುತ್ತದೆ.

ಆದರೆ ಆ ಹೋರಿ ಎಲ್ಲಿಂದ ಬರಬೇಕು? ಅದನ್ನು ಸಾಕುವುದು ಒಬ್ಬ ರೈತನ ಕೊಟ್ಟಿಗೆಯಿಂದ ಆಗುವ ಕೆಲಸವಲ್ಲ. ಬೇಕಾದಾಗ ಸಂತೆಯಲ್ಲಿ ಕೊಳ್ಳಬಹುದೆಂಬ ಮಾತನ್ನು 1860ರಲ್ಲಿ ಸರ್ಕಾರ ನಂಬಿತ್ತು. ಅಂದು ತಪ್ಪು ತಿದ್ದಿಕೊಳ್ಳಲು ಮಂದೆಗಳು ಸುತ್ತಮುತ್ತಲೇ ಇದ್ದವು, ಕಾವಲುಗಳೂ ಉಳಿದಿದ್ದವು. ಎತ್ತು ಮಾರುವ ತೀರ್ಮಾನ ಮನೆಯವರದು; ಅಜ್ಜಂಪುರದ ಮಂದೆಯನ್ನೂ ಮಿಕ್ಕ ಕಾವಲುಗಳನ್ನೂ ಉಳಿಸುವ ತೀರ್ಮಾನ ನಾಡಿನದು.