ದಂಡದ ರಶೀದಿಯೇ ಹಕ್ಕಿನ ದಾಖಲೆ

ಹಳ್ಳಿಗಳಲ್ಲಿ ಸರ್ಕಾರದ ಮೇಲಿನ ಬೇಸರ ಹುಟ್ಟುವುದು ಹೆಚ್ಚಾಗಿ ಜಮೀನಿನ ಕಡತದಿಂದ. ವಿಧಾನಸೌಧದ ಹಗರಣಗಳು ಪತ್ರಿಕೆಯಲ್ಲಿ ಬಂದು ಹೋಗುತ್ತವೆ. ಕಡತ ಮಾತ್ರ ಮೂವತ್ತು ವರ್ಷ ಕದಲದೆ ಕುಳಿತಿರುತ್ತದೆ. ಆ ಕಡತಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದು ಬಗರ್ ಹುಕುಂ ಸಾಗುವಳಿಯದು, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವರದು. ಹಾಸನ ತಾಲ್ಲೂಕಿನ ದುದ್ದ ಹೋಬಳಿಯಿರಲಿ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳಿರಲಿ, ಗೋಮಾಳದ ಅಂಚಿನಲ್ಲಿ ಒಂದೆರಡು ಎಕರೆ ಹಸನು ಮಾಡಿಕೊಂಡು ರಾಗಿ, ಜೋಳ, ಆಲೂಗೆಡ್ಡೆ ಬೆಳೆಯುತ್ತ ಬಂದ ಕುಟುಂಬಗಳು ಈ ಸೀಮೆಗೆ ಹೊಸಬರಲ್ಲ. ಉಳುಮೆ ಅಪ್ಪನ ಕಾಲದ್ದು, ಅರ್ಜಿಯೂ ಅಪ್ಪನ ಕಾಲದ್ದೇ. ಪಹಣಿಯ ಮಾಲೀಕರ ಕಾಲಂನಲ್ಲಿ ಮಾತ್ರ ಇಂದಿಗೂ ಇರುವುದು ‘ಸರ್ಕಾರ’.

ಮೊದಮೊದಲು ಸರ್ಕಾರ ಇಂಥ ಉಳುಮೆಯನ್ನು ತಡೆಯಲಿಲ್ಲ, ಒಪ್ಪಲೂ ಇಲ್ಲ. ಅನಧಿಕೃತ ಸಾಗುವಳಿ ಎಂದು ಬರೆದುಕೊಂಡು ದಂಡ ಕಟ್ಟಿಸಿಕೊಂಡಿತು. ಹಳ್ಳಿಗರು ಅದನ್ನು ಟಿ.ಟಿ. ದಂಡ ಎನ್ನುತ್ತಾರೆ. ಆ ದಂಡದ ರಶೀದಿಗಳು ಈಗಲೂ ಅನೇಕ ಮನೆಗಳ ಟ್ರಂಕಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿವೆ. ಮಡಿಕೆ ಮಡಿಕೆಗೆ ಹರಿದ, ಮಸಿ ಮಾಸಿದ ಆ ಚೀಟಿಗೆ ಇಷ್ಟು ಜೋಪಾನವೇಕೆಂದರೆ, ಜಮೀನು ಇಷ್ಟು ವರ್ಷದಿಂದ ತಮ್ಮ ಅನುಭವದಲ್ಲಿದೆ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ. ಕಾನೂನು ಮುರಿದದ್ದಕ್ಕೆ ತೆತ್ತ ದಂಡವೇ ಮುಂದೆ ಹಕ್ಕು ಕೇಳಲು ಆಧಾರ. ತಪ್ಪು ಮಾಡಿ ದಂಡ ಕಟ್ಟಿದವನ ಕೈಯಲ್ಲಿ ದಾಖಲೆ ಉಳಿಯಿತು. ತಪ್ಪೆಂದು ಹಿಂಜರಿದು ಗೋಮಾಳಕ್ಕೆ ನೇಗಿಲು ಹೂಡದ ಪಕ್ಕದ ಮನೆಯವನಿಗೆ ತೋರಿಸಲು ಏನೂ ಇಲ್ಲ. ಕಾನೂನಿನ ಬಗ್ಗೆ ಊರಿನಲ್ಲಿ ಎಂಥ ಅಭಿಪ್ರಾಯ ಬೆಳೆದೀತೆಂದು ತಿಳಿಯಲು ಈ ಎರಡು ಮನೆಗಳೇ ಸಾಕು.

ಸಕ್ರಮದ ಬಾಗಿಲು ಮೂರು ಬಾರಿ ತೆರೆದಿದೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಗೆ 94ಎ ಕಲಂ ಸೇರಿಸಿ, 1990ರ ಏಪ್ರಿಲ್ 14ಕ್ಕಿಂತ ಮೊದಲಿನಿಂದ ಉಳುತ್ತಿದ್ದವರಿಂದ 1991ರಲ್ಲಿ ನಮೂನೆ 50ರಲ್ಲಿ ಅರ್ಜಿ ಪಡೆದದ್ದು ಮೊದಲನೆಯದು. ಆಗ ಅರ್ಜಿ ಹಾಕದೆ ಉಳಿದವರಿಗಾಗಿ 1998–99ರಲ್ಲಿ 94ಬಿ ಕಲಮಿನಡಿ ನಮೂನೆ 53 ಬಂತು. 2018ರಲ್ಲಿ ಬಂದ ನಮೂನೆ 57ರಲ್ಲಿ ಗಡುವಿನ ದಿನವನ್ನೇ ಮುಂದಕ್ಕೆ ತಂದು, 2005ರ ಜನವರಿ 1ಕ್ಕಿಂತ ಮುಂಚಿನ ಸಾಗುವಳಿಗೆಲ್ಲ ಅವಕಾಶ ಕೊಟ್ಟರು. ಅರ್ಜಿದಾರನಿಗೆ ಈಗಾಗಲೇ ಇರುವ ಸ್ವಂತ ಜಮೀನೂ ಸೇರಿ ಒಟ್ಟು 4 ಎಕರೆ 38 ಗುಂಟೆ ಮೀರುವಂತಿಲ್ಲ. ಬಡ ಸಾಗುವಳಿದಾರನಿಗೆ ನೆಲೆ ಕೊಡುವ ಉದ್ದೇಶ ಒಳ್ಳೆಯದೇ. ತೊಡಕು ಗಡುವಿನಲ್ಲಿದೆ. ಒಮ್ಮೆ ಸರಿದ ಗಡುವು ಮತ್ತೊಮ್ಮೆ ಸರಿಯುತ್ತದೆಂದು ನಂಬುವವರು ಇರುತ್ತಾರೆ. ಆ ನಂಬಿಕೆಯಲ್ಲೇ ಗೋಮಾಳಕ್ಕೆ ಹೊಸ ಬೇಲಿ ಬೀಳುತ್ತದೆ. ಮೂರೂ ಬಾರಿ ಅರ್ಜಿ ಕರೆದ ಸರ್ಕಾರಗಳು ಬೇರೆ ಬೇರೆ. ಅರ್ಜಿ ಕರೆಯುವ ಉತ್ಸಾಹ ಎಲ್ಲಕ್ಕೂ ಇತ್ತು, ತೀರ್ಮಾನಿಸುವ ತಾಳ್ಮೆ ಯಾವುದಕ್ಕೂ ಇರಲಿಲ್ಲ. ನಮೂನೆ 50ರ ಕಾಲದ ಅರ್ಜಿಗಳೇ ಬಾಕಿ ಇರುವಾಗ ಅವುಗಳ ಮೇಲೆ ನಮೂನೆ 57 ಬಂದು ಬಿತ್ತು.

ವಿಳಂಬಕ್ಕೆ ಕಾರಣ ನೌಕರರ ಸೋಮಾರಿತನ ಒಂದೇ ಅಲ್ಲ. ಗ್ರಾಮ ಆಡಳಿತಾಧಿಕಾರಿ ಸ್ಥಳಕ್ಕೆ ಹೋಗಿ ಮಹಜರು ಮಾಡಬೇಕು, ರಾಜಸ್ವ ನಿರೀಕ್ಷಕರು ವರದಿ ಕೊಡಬೇಕು, ಸರ್ವೆಯವರು ನಕ್ಷೆ ತಯಾರಿಸಬೇಕು. ಆಮೇಲೆ ಗೋಮಾಳದ ಲೆಕ್ಕ. ಭೂ ಕಂದಾಯ ನಿಯಮಗಳ ಪ್ರಕಾರ ಊರಿನ ಪ್ರತಿ 100 ರಾಸುಗಳಿಗೆ 12 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 30 ಎಕರೆ ಗೋಮಾಳ ಉಳಿಯಲೇಬೇಕು. ಹೆಚ್ಚುವರಿ ಇದ್ದರಷ್ಟೇ ಮಂಜೂರಾತಿ. ಎಷ್ಟೋ ಊರುಗಳಲ್ಲಿ ರಾಸುಗಳ ಲೆಕ್ಕ ಹಿಡಿದರೆ ಗೋಮಾಳವೇ ಸಾಲದು. ಆದರೆ ಆ ಗೋಮಾಳ ಹೊಲವಾಗಿ ಎಷ್ಟೋ ವರ್ಷಗಳಾಗಿರುತ್ತವೆ. ಮಂಜೂರು ಮಾಡುವಂತಿಲ್ಲ, ಎಬ್ಬಿಸುವ ಮನಸ್ಸೂ ಯಾರಿಗೂ ಇಲ್ಲ. ಕಡತ ನಿಲ್ಲುವ ಜಾಗ ಇದು. ಜೊತೆಗೆ ಕಂದಾಯ ಇಲಾಖೆಯ ದಾಖಲೆಯಲ್ಲಿ ಗೋಮಾಳವಾಗಿರುವುದು ಅರಣ್ಯ ಇಲಾಖೆಯ ಪಟ್ಟಿಯಲ್ಲಿ ಡೀಮ್ಡ್ ಅರಣ್ಯವಾಗಿರುವ ಪ್ರಕರಣಗಳಿವೆ. ರಾಜ್ಯದ ಡೀಮ್ಡ್ ಅರಣ್ಯದ ಪಟ್ಟಿ ಸುಮಾರು 9.94 ಲಕ್ಷ ಹೆಕ್ಟೇರಿನಿಂದ 2022ರಲ್ಲಿ 3.30 ಲಕ್ಷ ಹೆಕ್ಟೇರಿಗೆ ಇಳಿಯಿತು. ತನ್ನದೇ ನೆಲ ಕಾಡೋ ಹುಲ್ಲುಗಾವಲೋ ಎಂದು ಹೇಳಲು ಸರ್ಕಾರಕ್ಕೆ ಅಷ್ಟು ಕಾಲ ಹಿಡಿಯಿತು. ರೈತನಿಗೆ ಮಾತ್ರ ಒಂದು ಗುಂಟೆ ವ್ಯತ್ಯಾಸ ಬಂದರೂ ಅರ್ಜಿ ವಾಪಸು.

ಪಟ್ಟಣಗಳ ಸುತ್ತಲಿನ ನಿಯಮ ಇನ್ನೊಂದು. ಬೆಂಗಳೂರಿನ ಸುತ್ತ 18 ಕಿಲೋಮೀಟರ್ ಒಳಗಿನ ಜಮೀನು ಬಗರ್ ಹುಕುಂ ಸಕ್ರಮಕ್ಕೆ ಬರುವುದಿಲ್ಲ. ಉಳಿದ ನಗರ, ಪಟ್ಟಣಗಳಿಗೂ ಅವುಗಳ ದರ್ಜೆಗೆ ತಕ್ಕಂತೆ ದೂರ ಗೊತ್ತುಮಾಡಿದೆ. ನಗರದ ಅಂಚಿನ ಸರ್ಕಾರಿ ಜಮೀನು ಬೆಲೆಬಾಳುವಂಥದ್ದು, ಉಳಿಯಲಿ ಎಂಬುದು ಇದರ ತರ್ಕ. ಆದರೆ ನಗರ ಬೆಳೆದಂತೆಲ್ಲ, ದರ್ಜೆ ಏರಿದಂತೆಲ್ಲ ಈ ಗೆರೆಯೂ ಹಳ್ಳಿಯ ಕಡೆಗೆ ಸರಿಯುತ್ತದೆ. ಅರ್ಜಿ ಹಾಕಿದ ದಿನ ಅರ್ಹನಾಗಿದ್ದ ರೈತ, ಕಡತ ಮೇಜಿಗೆ ಬರುವ ಹೊತ್ತಿಗೆ ಅನರ್ಹನಾಗಬಹುದು. ವಿಳಂಬ ಯಾರದು, ನಷ್ಟ ಯಾರಿಗೆ ಎಂಬ ಪ್ರಶ್ನೆಗೆ ನಮೂನೆಯಲ್ಲಿ ಕಾಲಂ ಇಲ್ಲ.

ಇಷ್ಟೆಲ್ಲ ದಾಟಿದ ಅರ್ಜಿ ಬಗರ್ ಹುಕುಂ ಸಮಿತಿಯ ಮುಂದೆ ಹೋಗುತ್ತದೆ. ಕ್ಷೇತ್ರದ ಶಾಸಕರು ಅದರ ಅಧ್ಯಕ್ಷರು, ತಹಸೀಲ್ದಾರರು ಕಾರ್ಯದರ್ಶಿ. ಚುನಾವಣೆ ಬಂದರೆ ಸಮಿತಿ ಬಿದ್ದುಹೋಗುತ್ತದೆ, ಹೊಸ ಸರ್ಕಾರ ಬಂದಾಗ ಮತ್ತೆ ರಚನೆಯಾಗುತ್ತದೆ, ಶಾಸಕರಿಗೆ ಬಿಡುವಾದಾಗ ಸಭೆ ಸೇರುತ್ತದೆ. ಜಮೀನು ಕೊಡುವ ಕೈಯೂ ಓಟು ಕೇಳುವ ಕೈಯೂ ಒಂದೇ ಆದಾಗ ಅರ್ಹತೆಯ ಜೊತೆಗೆ ಬೇರೇನನ್ನು ನೋಡುತ್ತಾರೆಂಬ ಗುಮಾನಿ ಸಹಜವಾಗಿ ಬರುತ್ತದೆ. ಗುಮಾನಿಗೆ ಪುರಾವೆಯೂ ಒದಗಿದೆ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಡೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಅಕ್ರಮ ಮಂಜೂರಾತಿ ನಡೆದಿದೆ ಎಂಬ ದೂರಿನ ಮೇಲೆ 2023ರಲ್ಲಿ ಸರ್ಕಾರವೇ ಅಧಿಕಾರಿಗಳ ತಂಡ ಕಳಿಸಿ ತನಿಖೆ ಮಾಡಿಸಬೇಕಾಯಿತು.

ಸಣ್ಣ ಒತ್ತುವರಿಯ ಕಥೆ ಹೀಗಾದರೆ, ದೊಡ್ಡ ಒತ್ತುವರಿಯ ಕಥೆಗೆ ಅರಕಲಗೂಡಿನ ನಂಟಿದೆ. ಅಲ್ಲಿನ ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿ ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂ ಒತ್ತುವರಿ ಕುರಿತ ಜಂಟಿ ಸದನ ಸಮಿತಿಯ ಅಧ್ಯಕ್ಷರಾಗಿದ್ದರು. 2007ರಲ್ಲಿ ಬಂದ ಅದರ ವರದಿಗಳು ಆ ಒಂದೇ ಜಿಲ್ಲೆಯಲ್ಲಿ 27 ಸಾವಿರಕ್ಕೂ ಹೆಚ್ಚು ಎಕರೆ ಸರ್ಕಾರಿ ಜಮೀನು ಒತ್ತುವರಿಯಾಗಿರುವುದನ್ನು ಎತ್ತಿ ತೋರಿಸಿದವು. ಅಲ್ಲಿ ಬೇಲಿ ಹಾಕಿದವರು ಎರಡು ಎಕರೆ ರಾಗಿ ಬೆಳೆಯುವವರಲ್ಲ. ಬಡಾವಣೆ ಮಾಡುವವರು, ಪ್ರಭಾವಿಗಳು, ಅವರಿಗೆ ದಾಖಲೆ ಸೃಷ್ಟಿಸಿಕೊಟ್ಟ ಅಧಿಕಾರಿಗಳು. ಆಮೇಲೆ ನಿವೃತ್ತ ಐಎಎಸ್ ಅಧಿಕಾರಿ ವಿ. ಬಾಲಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆ ರಾಜ್ಯದುದ್ದದ ಒತ್ತುವರಿಯನ್ನು ಕೆದಕಿ 2011ರಲ್ಲಿ ವರದಿ ಕೊಟ್ಟಿತು. ವರದಿಗಳಿಗೆ ಕೊರತೆಯಾಗಲಿಲ್ಲ. ಅವನ್ನು ಜಾರಿಗೆ ತನ್ನಿ ಎಂದು 2014ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಧರಣಿ ಕೂರಬೇಕಾಯಿತು. ಸದನವೇ ನೇಮಿಸಿದ ಸಮಿತಿಯ ವರದಿಯನ್ನು ಸರ್ಕಾರ ಓದಲಿ ಎಂದು ಬೀದಿಯಲ್ಲಿ ಕೂತು ಕೇಳುವ ಪರಿಸ್ಥಿತಿ ವಿಚಿತ್ರವೇ ಸರಿ.

ಕರ್ನಾಟಕ ಭೂ ಕಬಳಿಕೆ ನಿಷೇಧ ಕಾಯ್ದೆ 2011ರದ್ದು. ಅದರಡಿಯ ವಿಶೇಷ ನ್ಯಾಯಾಲಯ ಬೆಂಗಳೂರಿನಲ್ಲಿ ಕೆಲಸ ಆರಂಭಿಸಿದ್ದು 2016ರಲ್ಲಿ. ಕಬಳಿಕೆ ಸಾಬೀತಾದರೆ ಜೈಲುಶಿಕ್ಷೆ ಇದೆ. ಕಾಯ್ದೆ ಹುಟ್ಟಿದ್ದು ರಾಜಧಾನಿಯ ಭಾರಿ ಕುಳಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಆದರೆ ಕಾಯ್ದೆಯ ಮಾತುಗಳಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲದ್ದರಿಂದ, ಅರ್ಧ ಎಕರೆ ಗೋಮಾಳ ಉಳುವವನೂ ಆಗ ಅದರ ಕಣ್ಣಿಗೆ ಭೂಗಳ್ಳನೇ ಆಗಿದ್ದ. ನಮೂನೆಯ ಅರ್ಜಿ ಹಾಕಿ ಕಾಯುತ್ತಿದ್ದ ರೈತರಿಗೂ ಬೆಂಗಳೂರಿನ ನ್ಯಾಯಾಲಯದಿಂದ ನೋಟಿಸು ಬಂದವು. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, ವಕೀಲರನ್ನು ಹುಡುಕಿಕೊಂಡು ಹೋಗುವ ಪ್ರಾರಬ್ಧ ಅವರದಾಯಿತು. ತಹಸೀಲ್ದಾರ್ ಕಚೇರಿ ಸಕ್ರಮ ಮಾಡಿಕೊಡುತ್ತೇವೆಂದು ಅರ್ಜಿ ಪಡೆದಿತ್ತು. ಅದೇ ಸಾಗುವಳಿಗೆ ನ್ಯಾಯಾಲಯದ ಕಟಕಟೆ ಕಾದಿತ್ತು. ರೈತರನ್ನು ಇದರಿಂದ ಬಿಡಿಸಬೇಕೆಂಬ ಮಾತು ವಿಧಾನಸಭೆಯಲ್ಲೂ ಎದ್ದಿತು, ಎಲ್ಲ ಪಕ್ಷಗಳೂ ದನಿಗೂಡಿಸಿದವು. ಅವೇ ಪಕ್ಷಗಳು ಅಧಿಕಾರದಲ್ಲಿದ್ದಾಗಲೇ ಅರ್ಜಿಗಳು ಕೊಳೆತದ್ದು.

ನಗರದ ಅಕ್ರಮಕ್ಕೂ ಸಕ್ರಮದ ಯೋಜನೆ ಇತ್ತು. ನಿಯಮ ಮೀರಿ ಕಟ್ಟಿದ ವಾಸದ ಕಟ್ಟಡಗಳಲ್ಲಿ ಶೇ 50ರವರೆಗಿನ, ವಾಣಿಜ್ಯ ಕಟ್ಟಡಗಳಲ್ಲಿ ಶೇ 25ರವರೆಗಿನ ಉಲ್ಲಂಘನೆಯನ್ನು ಶುಲ್ಕ ಪಡೆದು ಮನ್ನಿಸುವ ಅಕ್ರಮ–ಸಕ್ರಮವನ್ನು ಹೈಕೋರ್ಟ್ 2016ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು; ಮರು ತಿಂಗಳೇ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಿಯಮದಂತೆ ಜಾಗ ಬಿಟ್ಟು ಮನೆ ಕಟ್ಟಿಸಿಕೊಂಡವರು ಇದನ್ನೆಲ್ಲ ನೋಡುತ್ತಲೇ ಇದ್ದರು. ಹಾಸನದ ಗೋಮಾಳಕ್ಕೆ ನೇಗಿಲು ಹೂಡದವನ ಸ್ಥಿತಿಯೇ ಅವರದೂ.

ಆಡಳಿತ ಸುಧಾರಿಸಲು ಸರ್ಕಾರ ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. ‘ಭೂಮಿ’ ಯೋಜನೆ ಶತಮಾನದ ಆರಂಭದಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬಂತು. ಪಹಣಿಯ ಒಂದು ಹಾಳೆಗಾಗಿ ಗ್ರಾಮಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಿತು. 2012ರ ಏಪ್ರಿಲ್ 2ರಂದು ರಾಜ್ಯವ್ಯಾಪಿಯಾದ ‘ಸಕಾಲ’ ಪ್ರತಿ ಸೇವೆಗೂ ದಿನಗಳ ಗಡುವು ಹಾಕಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಅರ್ಜಿದಾರ ಕೇಳಬಹುದು. ನಾಡಕಚೇರಿಯ ಕಿಟಕಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರಗಳು ಇಂದು ಮೊದಲಿಗಿಂತ ಸಲೀಸು. ಪರಿಹಾರ ಕೇಳುವವರು ಮಾತ್ರ ಅಪರೂಪ. ನಾಳೆ ಮತ್ತೆ ಅದೇ ಕಿಟಕಿಗೆ ಬರಬೇಕಾದವನು ಇಂದು 20 ರೂಪಾಯಿಗೆ ಜಗಳ ಕಾಯುವುದಿಲ್ಲ. ಮೇಲಾಗಿ, ಗಡುವು ಸುಲಭವಾಗಿ ಹೊಂದುವುದು ಮುದ್ರಿಸಿ ಕೊಡುವ ಕೆಲಸಕ್ಕೆ. ಸ್ಥಳಕ್ಕೆ ಹೋಗಿ ಅಳೆದು, ವಿಚಾರಿಸಿ, ಯಾರೋ ಒಬ್ಬರು ಸಹಿ ಹಾಕಬೇಕಾದ ಕಡೆ ಹಳೆಯ ಪದ್ಧತಿಯೇ ಉಳಿದುಕೊಂಡಿದೆ.

ಆ ಸಹಿಗೆ ಬೆಲೆ ಕಟ್ಟುವವರನ್ನು ಹಿಡಿಯಲು ಲೋಕಾಯುಕ್ತವಿದೆ. ಬಲೆಗೆ ಕೆಡಹುವ ವಿಧಾನ ಸರಳ. ದೂರುದಾರ ತರುವ ನೋಟುಗಳಿಗೆ ಫಿನಾಲ್ಫ್ತಲೀನ್ ಪುಡಿ ಸವರಿರುತ್ತಾರೆ. ನೋಟು ಮುಟ್ಟಿದ ಕೈಯನ್ನು ಸೋಡಾ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಸೀಸೆಗೆ ತುಂಬಿ ಮೊಹರು ಹಾಕುತ್ತಾರೆ. ನ್ಯಾಯಮೂರ್ತಿ ಎನ್. ವೆಂಕಟಾಚಲ ಲೋಕಾಯುಕ್ತರಾಗಿದ್ದ ವರ್ಷಗಳಲ್ಲಿ (2001–06) ಕಚೇರಿಗಳಿಗೆ ದಿಢೀರ್ ಭೇಟಿ ಕೊಡುತ್ತಿದ್ದರು, ಜನ ಮುಗಿಬಿದ್ದು ದೂರು ಹೇಳುತ್ತಿದ್ದರು. ಅವರ ನಂತರ ಲೋಕಾಯುಕ್ತರಾದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ವರದಿಯ ಬೆನ್ನಿಗೇ 2011ರ ಜುಲೈ ಕೊನೆಯಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಹಲ್ಲು ಇಷ್ಟು ಹರಿತವೆಂದು ಗೊತ್ತಾದ ಮೇಲೆ ಅದನ್ನು ಕೀಳುವ ಕೆಲಸ ನಡೆಯಿತು. 2015ರಲ್ಲಿ ಲೋಕಾಯುಕ್ತ ಕಚೇರಿಯ ಹೆಸರಿನಲ್ಲೇ ಅಧಿಕಾರಿಗಳಿಂದ ಹಣ ಕೇಳಿದ ಆರೋಪದ ಮೇಲೆ ಆಗಿನ ಲೋಕಾಯುಕ್ತರ ಮಗನ ಬಂಧನವಾಗಿ, ಲೋಕಾಯುಕ್ತರು ಹುದ್ದೆ ಬಿಟ್ಟರು. ಅದೇ ನೆಪವಾಯಿತು. 2016ರ ಮಾರ್ಚಿನಲ್ಲಿ ಸಿದ್ದರಾಮಯ್ಯ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ಕಟ್ಟಿ ತನಿಖೆಯ ಅಧಿಕಾರವನ್ನು ಅದಕ್ಕೆ ಕೊಟ್ಟಿತು. ವಿರೋಧ ಪಕ್ಷದಲ್ಲಿದ್ದಾಗ ಇದನ್ನು ಖಂಡಿಸಿದ ಬಿಜೆಪಿ, ಅಧಿಕಾರಕ್ಕೆ ಬಂದ ಮೇಲೆ ಅದೇ ದಳವನ್ನು ಮೂರು ವರ್ಷ ಮುಂದುವರಿಸಿತು. ಕೊನೆಗೆ 2022ರ ಆಗಸ್ಟ್ 11ರಂದು ಅದನ್ನು ರದ್ದು ಮಾಡಿದ್ದು ಹೈಕೋರ್ಟು. ಮುಂದಿನ ಮಾರ್ಚಿನಲ್ಲಿ ಲೋಕಾಯುಕ್ತ ಪೊಲೀಸರು ಆಡಳಿತ ಪಕ್ಷದ ಶಾಸಕರೊಬ್ಬರ ಮಗನನ್ನು 40 ಲಕ್ಷ ರೂಪಾಯಿ ಲಂಚದ ಆರೋಪದಲ್ಲಿ ಹಿಡಿದರು.

ಬಗರ್ ಹುಕುಂ ಕಡತಗಳಲ್ಲೂ ಈಚೆಗೆ ಕೊಂಚ ಚಲನೆ ಕಾಣುತ್ತಿದೆ. ಕಂದಾಯ ಇಲಾಖೆ ಉಪಗ್ರಹ ಚಿತ್ರ ನೋಡಿ ಸಾಗುವಳಿ ನಿಜವೇ ಎಂದು ಪರೀಕ್ಷಿಸುವ ಆ್ಯಪ್ ತಂದಿದೆ. ಅರ್ಜಿ ಹಾಕಿದವರಲ್ಲಿ ಉಳುಮೆಯನ್ನೇ ಮಾಡದವರು, ಗಡುವಿನ ದಿನಕ್ಕೆ ಹದಿನೆಂಟೂ ತುಂಬದವರು ಇದ್ದದ್ದು ಆಗ ಹೊರಬಿತ್ತು. ರೈತನ ಹೆಸರಿನಲ್ಲಿ ಸರದಿಗೆ ಸೇರಿಕೊಂಡವರೂ ಕಡಿಮೆಯಿರಲಿಲ್ಲ ಎಂದಾಯಿತು. ಮಂಜೂರಾದವರಿಗೆ ಕೈಬರಹದ ಸಾಗುವಳಿ ಚೀಟಿಯ ಬದಲು ಡಿಜಿಟಲ್ ಚೀಟಿ ಕೊಟ್ಟು ನೋಂದಣಿ ಮಾಡಿಸುವ ಕ್ರಮ ಬಂದಿದೆ. ದಶಕಗಳ ಹಿಂದೆಯೇ ಮಂಜೂರಾಗಿ, ಪೋಡಿಯಾಗದೆ, ಅಂದರೆ ಅಳೆದು ಬೇರೆ ಮಾಡದೆ, ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಹೆಸರು ಸಿಕ್ಕಿಕೊಂಡಿರುವ ಜಮೀನುಗಳಿಗೆ 2024ರ ಕೊನೆಯಿಂದ ‘ನನ್ನ ಭೂಮಿ’ ಅಭಿಯಾನ ನಡೆದಿದೆ. ಪೋಡಿಯಾಗದ ಜಮೀನಿನ ಮೇಲೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ, ಅಣ್ಣತಮ್ಮಂದಿರ ಪಾಲುಪಟ್ಟಿಯೂ ಅಲ್ಲಿಗೇ ನಿಲ್ಲುತ್ತದೆ. ಮೂಲ ಮಂಜೂರಾತಿ ಕಡತ ಕಚೇರಿಯಲ್ಲೇ ಕಳೆದುಹೋಗಿದ್ದರೆ, ದಾಖಲೆ ಹೊಂದಿಸಿಕೊಡುವ ಓಡಾಟ ಈಗಲೂ ಹಿಡುವಳಿದಾರನದ್ದೇ. ಸಮಿತಿಯ ಅಧ್ಯಕ್ಷತೆ ಮೊದಲಿನಂತೆ ಶಾಸಕರದ್ದು.