ಊರು ತೊರೆದ ತಂಡ ಕಲಿಸಿದ ಆಟ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಓಕ್ಲೆಂಡ್ ನಗರದಲ್ಲಿ 2024ರ ಸೆಪ್ಟೆಂಬರ್ 26ರಂದು 46,889 ಜನರು ಒಂದು ಬೇಸ್‌ಬಾಲ್ ಪಂದ್ಯ ನೋಡಲು ಸೇರಿದ್ದರು. ಆತಿಥೇಯ ಅಥ್ಲೆಟಿಕ್ಸ್ ತಂಡವು ಟೆಕ್ಸಸ್ ರೇಂಜರ್ಸ್ ತಂಡವನ್ನು 3–2ರಿಂದ ಮಣಿಸಿತು. ಗೆದ್ದ ತಂಡದ ಅಭಿಮಾನಿಗಳ ಕಣ್ಣಲ್ಲಿ ನೀರಿತ್ತು. 1968ರಿಂದ 57 ಋತುಗಳ ಕಾಲ ಓಕ್ಲೆಂಡಿನ ಹೆಸರು ಹೊತ್ತಿದ್ದ ತಂಡವು ಆ ಊರಿನಲ್ಲಿ ಆಡಿದ ಕಡೆಯ ಪಂದ್ಯ ಅದಾಗಿತ್ತು. ತಂಡ ಸೋತು ಮುಚ್ಚಿಹೋಗಲಿಲ್ಲ. ಮಾಲೀಕರು ಅದನ್ನು ಬೇರೆ ಊರಿಗೆ ಕೊಂಡೊಯ್ದರು, ಅಷ್ಟೆ.

ಬೇಸ್‌ಬಾಲಿನ ಗಂಧಗಾಳಿಯಿಲ್ಲದ ನಮಗೆ ಇದರಿಂದ ಆಗಬೇಕಾದ್ದೇನು ಎಂದು ಓದುಗರು ಕೇಳಬಹುದು. 2023ರ ಬೇಸಿಗೆಯನ್ನು ಫ್ರೀಮಾಂಟಿನಲ್ಲಿರುವ ಮಗಳ ಮನೆಯಲ್ಲಿ ಕಳೆಯುವವರೆಗೆ ನನ್ನ ಪ್ರಶ್ನೆಯೂ ಅದೇ ಆಗಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ ಕನ್ನಡ ಕುಟುಂಬಗಳು ಬಹಳ. ಮಕ್ಕಳ ಮನೆಗೆ ಹೋಗುವ ನನ್ನಂಥ ನಿವೃತ್ತರಿಗೆ ಅಲ್ಲಿ ಹೊತ್ತು ಹೋಗುವುದೇ ದೊಡ್ಡ ಸಮಸ್ಯೆ. ಫ್ರೀಮಾಂಟಿನಲ್ಲಿ ಬಾರ್ಟ್ ರೈಲು ಹತ್ತಿದರೆ ಕೊಲಿಸಿಯಂ ಕ್ರೀಡಾಂಗಣದ ಪಕ್ಕದಲ್ಲೇ ಇಳಿಯಬಹುದಿತ್ತು. ಆ ವರ್ಷ ಅಥ್ಲೆಟಿಕ್ಸ್ 162 ಪಂದ್ಯಗಳಲ್ಲಿ ಗೆದ್ದದ್ದು 50, ಸೋತದ್ದು 112. ಪಂದ್ಯಕ್ಕೆ ಸರಾಸರಿ ಹತ್ತು ಸಾವಿರ ಜನರಷ್ಟೇ ಬರುತ್ತಿದ್ದುದರಿಂದ ಎಲ್ಲಿ ಬೇಕೆಂದರಲ್ಲಿ ಜಾಗ. ಹೊಸ ಆಟವೊಂದನ್ನು ಕಲಿಯುವವನಿಗೆ ಇದಕ್ಕಿಂತ ಅನುಕೂಲದ ಪಾಠಶಾಲೆ ಸಿಗಲಾರದು.

ಆಟದ ಮೂಲಪಾಠ ಸರಳ. ಒಂಬತ್ತು ಜನರ ಎರಡು ತಂಡಗಳು. ವಜ್ರಾಕಾರವಾಗಿ ಕಾಣುವ ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇಸ್‌ಗಳು. ಒಂದರಿಂದ ಇನ್ನೊಂದಕ್ಕೆ 90 ಅಡಿ. ಚೆಂಡೆಸೆಯುವ ಪಿಚರ್, 60 ಅಡಿ 6 ಅಂಗುಲ ದೂರದ ಬ್ಯಾಟರ್‌ನತ್ತ ಎಸೆಯುತ್ತಾನೆ. ಚೆಂಡನ್ನು ಹೊಡೆದು ನಾಲ್ಕೂ ಬೇಸ್‌ಗಳನ್ನು ಸುತ್ತಿ ಹೊರಟಲ್ಲಿಗೇ ಮರಳಿದರೆ ಒಂದು ರನ್. ಮೂವರು ಔಟಾದರೆ ಎದುರಾಳಿಯ ಸರದಿ. ಇಬ್ಬರ ಸರದಿಯೂ ಮುಗಿದರೆ ಒಂದು ಇನ್ನಿಂಗ್; ಅಂಥ ಒಂಬತ್ತು. ಸಮನಾದರೆ ಫಲಿತಾಂಶ ಬರುವವರೆಗೆ ಮುಂದುವರಿಕೆ.

ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಮೊದಲು ಗೊಂದಲವಾಗುವುದು ಸ್ಟ್ರೈಕ್ ಮತ್ತು ಬಾಲ್‌ಗಳ ಲೆಕ್ಕ. ಬ್ಯಾಟರ್‌ನ ಮಂಡಿಯಿಂದ ಎದೆಯ ಕೆಳಭಾಗದವರೆಗೆ, ಹೋಂ ಪ್ಲೇಟಿನ ಅಗಲಕ್ಕೆ, ಕಣ್ಣಿಗೆ ಕಾಣದ ಒಂದು ಚೌಕಟ್ಟಿದೆ. ಚೆಂಡು ಅದರೊಳಗೆ ಹಾದರೂ ಹೊಡೆಯದಿದ್ದರೆ, ಅಥವಾ ಎಲ್ಲಿ ಬಂದರೂ ಬೀಸಿ ತಪ್ಪಿದರೆ, ಅದು ಸ್ಟ್ರೈಕ್, ಮೂರಾದರೆ ಔಟ್. ಚೌಕಟ್ಟಿನಾಚೆ ಹೋದದ್ದನ್ನು ಬೀಸದೆ ಬಿಟ್ಟರೆ ಅದು ಬಾಲ್. ನಾಲ್ಕಾದರೆ ಬ್ಯಾಟರ್ ಮೊದಲ ಬೇಸ್‌ಗೆ ನಡೆದುಕೊಂಡೇ ಹೋಗಬಹುದು. ಆದ್ದರಿಂದಲೇ ಅದಕ್ಕೆ ‘ವಾಕ್’ ಎಂದು ಹೆಸರು. ಆಟಗಾರನೊಬ್ಬ ಬ್ಯಾಟನ್ನೇ ಎತ್ತದೆ ನಿಂತಿದ್ದುದನ್ನು ನೋಡಿ ಇವನೇಕೆ ಸುಮ್ಮನಿದ್ದಾನೆ ಎಂದು ನಾನು ಕೇಳಿದಾಗ, ಹನ್ನೊಂದರ ಹರೆಯದ ಮೊಮ್ಮಗ, “ತಾತ, ಹೊಡೆಯದೆ ಇರೋದೂ ಆಟಾನೇ” ಎಂದ. ಆ ವರ್ಷ ನಾನು ಕಲಿತ ಬೇಸ್‌ಬಾಲಿನ ಸಾರವೆಲ್ಲ ಆ ಮಾತಿನಲ್ಲಿತ್ತು.

ಎರಡನೆಯ ಪಾಠ ಸೋಲಿನ ಪ್ರಮಾಣವನ್ನು ಕುರಿತದ್ದು. ಹತ್ತು ಪ್ರಯತ್ನಗಳಲ್ಲಿ ಮೂರು ಬಾರಿ ಯಶಸ್ವಿಯಾಗಿ ಹೊಡೆಯುವ ಬ್ಯಾಟರ್‌ನನ್ನು ಆ ಆಟದಲ್ಲಿ ಶ್ರೇಷ್ಠನೆಂದು ಗಣಿಸುತ್ತಾರೆ. ಒಂದು ಋತುವಿನಲ್ಲಿ ಹತ್ತಕ್ಕೆ ನಾಲ್ಕರ ಗಡಿ ದಾಟಿದ ಟೆಡ್ ವಿಲಿಯಮ್ಸ್ ಅವರ 1941ರ ಸಾಧನೆಯನ್ನು ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ ಆಮೇಲೆ ಯಾರೂ ಸರಿಗಟ್ಟಿಲ್ಲ. ವಾರಕ್ಕೆ ಆರು ದಿನ, ಆರು ತಿಂಗಳು ನಡೆಯುವ ಋತುವಿನಲ್ಲಿ ಅತ್ಯುತ್ತಮ ತಂಡವೂ ಅರುವತ್ತು ಪಂದ್ಯಗಳನ್ನು ಸೋಲುತ್ತದೆ. ಒಂದು ಸಂಜೆಯ ಫಲಿತಾಂಶಕ್ಕೆ ಹಾರಾಡುವ, ಇಲ್ಲವೇ ಕುಸಿಯುವ ನಮ್ಮ ಕ್ರಿಕೆಟ್ ಮನೋಧರ್ಮಕ್ಕೆ ಇದು ಒಗ್ಗಲು ಸಮಯ ಬೇಕು.

ಮೂರನೆಯದು ದಾಖಲೆಯ ಶಿಸ್ತು. ಮೂರು ದಶಕ ಕಡತಗಳ ನಡುವೆ ಬದುಕಿದವನಿಗೆ ಇದು ವಿಶೇಷವಾಗಿ ಹಿಡಿಸಿತು. ಮೈದಾನದ ಸ್ಥಾನಗಳಿಗೆ ಒಂದರಿಂದ ಒಂಬತ್ತರವರೆಗೆ ಸಂಖ್ಯೆಗಳಿವೆ: ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ ಕಾಯುವವನು 3, ಹೀಗೆ. ಹಳೆಯ ಅಭಿಮಾನಿಗಳು ತೊಡೆಯ ಮೇಲೆ ಹಾಳೆಯಿಟ್ಟುಕೊಂಡು ಪೆನ್ಸಿಲಿನಲ್ಲಿ ಪ್ರತಿ ಘಟನೆಯನ್ನೂ ದಾಖಲಿಸುತ್ತಾರೆ. ‘6-4-3’ ಎಂದು ಬರೆದರೆ, ಚೆಂಡು ಶಾರ್ಟ್‌ಸ್ಟಾಪ್‌ನಿಂದ ಎರಡನೆಯ ಬೇಸ್‌ಗೆ, ಅಲ್ಲಿಂದ ಮೊದಲ ಬೇಸ್‌ಗೆ ಹೋಗಿ ಇಬ್ಬರು ಔಟಾದರು ಎಂದರ್ಥ. ಫಲಕದಲ್ಲಿ ರನ್ ಮತ್ತು ಹಿಟ್‌ಗಳ ಪಕ್ಕದಲ್ಲಿ ‘ಎರರ್’ ಎಂಬ ಮೂರನೆಯ ಅಂಕಣವೂ ಇರುತ್ತದೆ. ಹಿಡಿಯಬೇಕಾದ ಚೆಂಡನ್ನು ಕೈಬಿಟ್ಟವನ ಹೆಸರಿಗೆ ಅಧಿಕೃತ ಸ್ಕೋರರ್ ಆ ಲೋಪವನ್ನು ಎಲ್ಲರೆದುರೇ ಬರೆಯುತ್ತಾರೆ. ಯಾರಿಂದ ಲೋಪವಾಯಿತು ಎಂಬುದನ್ನು ಅಂದಂದೇ ಗುರುತಿಸುವ ಇಂಥ ಅಂಕಣ ನಮ್ಮ ಕಚೇರಿಗಳ ಕಡತಗಳಲ್ಲಿ ಇದ್ದಿದ್ದರೆ ಎಷ್ಟೋ ತನಿಖಾ ಆಯೋಗಗಳ ವೆಚ್ಚ ಉಳಿಯುತ್ತಿತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಓಕ್ಲೆಂಡ್ ತಂಡ ಬೇರೊಂದು ಕಾರಣಕ್ಕೆ ಪರಿಚಿತ. 2002ರಲ್ಲಿ ಆಟಗಾರರ ವೇತನಕ್ಕೆ ನ್ಯೂಯಾರ್ಕ್ ಯಾಂಕೀಸ್ ಸುಮಾರು 12.5 ಕೋಟಿ ಡಾಲರ್ ವ್ಯಯಿಸಿತು. ಓಕ್ಲೆಂಡಿನ ಶಕ್ತಿ ಸುಮಾರು 4 ಕೋಟಿ. ಋತುವಿನ ಕೊನೆಗೆ ಎರಡೂ ತಂಡಗಳು ತಲಾ 103 ಪಂದ್ಯ ಗೆದ್ದಿದ್ದವು. ಮಾರುಕಟ್ಟೆ ಹೊಡೆತಗಾರರಿಗೆ ದುಬಾರಿ ಬೆಲೆ ಕಟ್ಟಿ, ತಾಳ್ಮೆಯಿಂದ ವಾಕ್ ಗಳಿಸುವವರನ್ನು ಕಡೆಗಣಿಸಿದೆ ಎಂಬುದನ್ನು ತಂಡದ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಮತ್ತು ಅವರ ಸಹಾಯಕರು ಅಂಕಿಅಂಶಗಳಿಂದ ಕಂಡುಕೊಂಡಿದ್ದರು. ಹೊಡೆದು ಹೋದರೂ ನಡೆದು ಹೋದರೂ ಬೇಸ್ ತಲುಪುವುದು ಮುಖ್ಯವಷ್ಟೆ? ಆದರೆ ಪೇಟೆಯಲ್ಲಿ ಎರಡಕ್ಕೂ ಬೆಲೆ ಬೇರೆಯಿತ್ತು. ಕಡಿಮೆ ಬೆಲೆಗೆ ಸಿಗುತ್ತಿದ್ದುದನ್ನು ಅವರು ಕೊಂಡರು. ಕ್ಯಾಚರ್ ಆಗಿದ್ದು ಮೊಣಕೈ ಗಾಯದಿಂದ ಆ ಸ್ಥಾನ ಕಳೆದುಕೊಂಡಿದ್ದ ಸ್ಕಾಟ್ ಹ್ಯಾಟೆಬರ್ಗ್ ಅವರನ್ನು ಮೊದಲ ಬೇಸ್‌ಗೆ ನಿಲ್ಲಿಸಿದ್ದು ಹೀಗೆಯೇ. ಆ ವರ್ಷದ ಸೆಪ್ಟೆಂಬರ್ 4ರಂದು ತಂಡ ಸತತ 20ನೆಯ ಗೆಲುವು ಸಾಧಿಸಿದ್ದು ಅವರದೇ ಹೋಂ ರನ್ನಿನಿಂದ. ಮೈಕಲ್ ಲೂಯಿಸ್ 2003ರಲ್ಲಿ ಬರೆದ ‘ಮನಿಬಾಲ್’ ಪುಸ್ತಕದ ಕಥೆ ಇದು. 2011ರಲ್ಲಿ ಚಲನಚಿತ್ರವೂ ಆಯಿತು.

ಈ ಕಥೆಯ ಉತ್ತರಾರ್ಧ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಅಗ್ಗದ ಜಾಣ್ಮೆಯನ್ನು ಶ್ರೀಮಂತ ತಂಡಗಳು ಬೇಗನೆ ಕಲಿತವು. ರಹಸ್ಯ ಬಯಲಾದೊಡನೆ ಲಾಭ ಕರಗುವುದು ಮಾರುಕಟ್ಟೆಯ ನಿಯಮ. ಓಕ್ಲೆಂಡ್ ಮಾತ್ರ ತಾನು ಬೆಳೆಸಿದ ಆಟಗಾರರನ್ನು ಅವರ ವೇತನ ಏರುವ ಹೊತ್ತಿಗೆ ಬೇರೆ ತಂಡಗಳಿಗೆ ಬಿಟ್ಟುಕೊಡುತ್ತ ಹೋಯಿತು. ಅಭಿಮಾನಿ ತನ್ನ ಮೆಚ್ಚಿನ ಆಟಗಾರನ ಹೆಸರಿನ ಅಂಗಿ ಕೊಳ್ಳುವಷ್ಟರಲ್ಲಿ ಅವನು ಬೇರೆ ಊರಿನಲ್ಲಿರುತ್ತಿದ್ದ. 1966ರಲ್ಲಿ ತೆರೆದ ಕೊಲಿಸಿಯಂ ಹಳತಾಗುತ್ತ ಬಂತು. ಹೊಸ ಕ್ರೀಡಾಂಗಣದ ಮಾತು ಎರಡು ದಶಕ ನಡೆಯಿತು.

ಇಲ್ಲಿ ಕಾನೂನಿನ ಒಂದು ವಿಚಿತ್ರವನ್ನು ಗಮನಿಸಬೇಕು. ಬೇಸ್‌ಬಾಲ್ ಪಂದ್ಯಗಳು ಅಂತರರಾಜ್ಯ ವಾಣಿಜ್ಯವಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1922ರಲ್ಲಿ ತೀರ್ಪಿತ್ತಿತು. ಏಕಸ್ವಾಮ್ಯವನ್ನು ತಡೆಯುವ ಕಾನೂನಿನಿಂದ ಆ ಉದ್ಯಮಕ್ಕೆ ಹೀಗೆ ದೊರೆತ ವಿನಾಯಿತಿ ಬಹುಮಟ್ಟಿಗೆ ಇಂದಿಗೂ ಉಳಿದಿದೆ. ಪೈಪೋಟಿಯೇ ತನ್ನ ಜೀವಾಳವೆಂದು ಹೇಳುವ ದೇಶದಲ್ಲಿ ಮೂವತ್ತು ಮಾಲೀಕರು ಕೂತು ಯಾವ ಊರಿಗೆ ತಂಡ ಇರಬೇಕೆಂದು ನಿರ್ಧರಿಸುತ್ತಾರೆ. ಅಥ್ಲೆಟಿಕ್ಸ್ ಸಮೀಪದ ಸ್ಯಾನ್ ಹೋಸೆ ನಗರಕ್ಕೆ ಹೋಗಲು ಬಯಸಿದಾಗ, ಆ ಪ್ರದೇಶ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ‘ಹಕ್ಕಿನ ವಲಯ’ ಎಂಬುದು ಅಡ್ಡಬಂತು. ಸ್ಯಾನ್ ಹೋಸೆ ನಗರಾಡಳಿತ 2013ರಲ್ಲಿ ಮೊಕದ್ದಮೆ ಹೂಡಿತು. ಶತಮಾನದಷ್ಟು ಹಳೆಯ ಅದೇ ವಿನಾಯಿತಿಯನ್ನು ಎತ್ತಿಹಿಡಿದು ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ತಂಡಗಳ ಸಂಖ್ಯೆ ಸೀಮಿತ, ಬಯಸುವ ನಗರಗಳು ಹಲವು. ಪೂರೈಕೆಯನ್ನು ಬಿಗಿಹಿಡಿದವನು ಬೆಲೆ ನಿರ್ಧರಿಸುತ್ತಾನೆ. ಇಲ್ಲಿ ಬೆಲೆ ತೆರುವುದು ಸಾರ್ವಜನಿಕ ಬೊಕ್ಕಸ. 2023ರ ಏಪ್ರಿಲ್‌ನಲ್ಲಿ ತಂಡವು ಲಾಸ್ ವೇಗಸ್‌ನಲ್ಲಿ ನಿವೇಶನದ ಒಪ್ಪಂದ ಮಾಡಿಕೊಂಡದ್ದಾಗಿ ಪ್ರಕಟಿಸಿತು. ಜೂನ್‌ನಲ್ಲಿ ನೆವಾಡ ರಾಜ್ಯದ ಶಾಸನಸಭೆ ಕ್ರೀಡಾಂಗಣಕ್ಕೆ 38 ಕೋಟಿ ಡಾಲರ್‌ವರೆಗಿನ ಸಾರ್ವಜನಿಕ ನೆರವನ್ನು ಅನುಮೋದಿಸಿತು. ಕ್ರೀಡಾಂಗಣಗಳಿಗೆ ಸುರಿದ ತೆರಿಗೆ ಹಣ ಉದ್ಯೋಗ ಮತ್ತು ಆದಾಯದ ರೂಪದಲ್ಲಿ ಮರಳುವುದಿಲ್ಲವೆಂಬುದು ಅರ್ಥಶಾಸ್ತ್ರಜ್ಞರು ಅಪರೂಪಕ್ಕೆ ಒಮ್ಮತಕ್ಕೆ ಬಂದಿರುವ ಸಂಗತಿಗಳಲ್ಲೊಂದು. ರಾಜರ್ ನೋಲ್ ಮತ್ತು ಆಂಡ್ರ್ಯೂ ಝಿಂಬಲಿಸ್ಟ್ 1997ರಲ್ಲೇ ಈ ಬಗ್ಗೆ ಗ್ರಂಥವೊಂದನ್ನು ಸಂಪಾದಿಸಿದ್ದರು. ಪಂದ್ಯಕ್ಕೆ ಖರ್ಚು ಮಾಡುವ ಕುಟುಂಬ ಆ ಹಣವನ್ನು ಹೋಟೆಲಿಗೋ ಸಿನಿಮಾಕ್ಕೋ ಖರ್ಚು ಮಾಡುತ್ತಿತ್ತು. ಊರಿನ ಒಟ್ಟು ವಹಿವಾಟು ಹೆಚ್ಚಿದ್ದೇನೂ ಇಲ್ಲ. ಓಕ್ಲೆಂಡಿಗೆ ಇದರ ಅನುಭವವೂ ಇತ್ತು. ರೇಡರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡವನ್ನು 1995ರಲ್ಲಿ ಮರಳಿ ಕರೆತರಲು ನಗರ ಮತ್ತು ಕೌಂಟಿ ಆಡಳಿತಗಳು ಸಾಲ ಮಾಡಿ ಕೊಲಿಸಿಯಂ ಅನ್ನು ವಿಸ್ತರಿಸಿದ್ದವು. ಸಾಲ ತೀರುವ ಮುನ್ನವೇ, 2020ರಲ್ಲಿ, ಆ ತಂಡ ಲಾಸ್ ವೇಗಸ್ ಸೇರಿತು. ಬ್ಯಾಸ್ಕೆಟ್‌ಬಾಲಿನ ವಾರಿಯರ್ಸ್ ಅದರ ಹಿಂದಿನ ವರ್ಷ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿತ್ತು. ಉಳಿದಿದ್ದದ್ದು ಬೇಸ್‌ಬಾಲ್ ಒಂದೇ.

ನೆವಾಡದಲ್ಲಿ ಮಸೂದೆಯ ಚರ್ಚೆ ನಡೆದಿದ್ದ 2023ರ ಜೂನ್ 13ರಂದು ಓಕ್ಲೆಂಡಿನಲ್ಲಿ ನಾನು ಕಂಡ ದೃಶ್ಯವನ್ನು ಇಲ್ಲಿ ಹೇಳಬೇಕು. ‘ಜನರೇ ಬರುವುದಿಲ್ಲ’ ಎಂಬ ಮಾತಿಗೆ ಉತ್ತರವಾಗಿ ಅಭಿಮಾನಿಗಳು ಬಹಿಷ್ಕಾರಕ್ಕೆ ವಿರುದ್ಧವಾದ ಪ್ರತಿಭಟನೆಯೊಂದನ್ನು ಯೋಜಿಸಿದರು: ಎಲ್ಲರೂ ಒಂದೇ ದಿನ ಬರುವುದು. ಆ ಮಂಗಳವಾರ ರಾತ್ರಿ 27,759 ಜನ ಬಂದರು. ‘ಮಾರಿಬಿಡಿ’ ಎಂಬರ್ಥದ ಒಂದೇ ಪದ ಅಚ್ಚಾಗಿದ್ದ ಹಸಿರು ಅಂಗಿಗಳನ್ನು ತೊಟ್ಟು, ತಂಡವನ್ನು ಮಾರಿ ಹೋಗಿರೆಂದು ಮಾಲೀಕರನ್ನು ಕುರಿತು ಕೂಗಿದರು. ತಮಟೆ, ಡೋಲುಗಳ ಸದ್ದು ನಮ್ಮ ಊರ ಜಾತ್ರೆಯನ್ನು ನೆನಪಿಸುತ್ತಿತ್ತು. ಆಗ ಲೀಗಿನಲ್ಲೇ ಅಗ್ರಸ್ಥಾನದಲ್ಲಿದ್ದ ಟ್ಯಾಂಪಾ ಬೇ ತಂಡವನ್ನು ಅಥ್ಲೆಟಿಕ್ಸ್ 2–1ರಿಂದ ಸೋಲಿಸಿತು. ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು ತಂದೆಯ ಹೆಗಲ ಮೇಲೆ ಕುಳಿತು 1970ರ ದಶಕದ ಪಂದ್ಯಗಳನ್ನು ನೋಡಿದ್ದನ್ನು ನೆನೆಯುತ್ತಿದ್ದರು. 1972ರಿಂದ ಮೂರು ವರ್ಷ ಸತತವಾಗಿ ತಂಡವು ವಿಶ್ವ ಸರಣಿ ಗೆದ್ದ ಕಾಲವದು. ಎರಡು ದಿನಗಳ ನಂತರ ನೆವಾಡದ ಗವರ್ನರ್ ಮಸೂದೆಗೆ ಸಹಿ ಹಾಕಿದರು. ನವೆಂಬರ್‌ನಲ್ಲಿ ಮಾಲೀಕರ ಸಭೆ ಸ್ಥಳಾಂತರಕ್ಕೆ 30–0ರಿಂದ ಒಪ್ಪಿಗೆ ಕೊಟ್ಟಿತು. ಆ ವೃದ್ಧರಿಗೆ ಮತವಿರಲಿಲ್ಲ.

2025ರಿಂದ ತಂಡವು ವೆಸ್ಟ್ ಸ್ಯಾಕ್ರಮೆಂಟೊದಲ್ಲಿ, ಹದಿನಾಲ್ಕು ಸಾವಿರದಷ್ಟು ಜನ ಹಿಡಿಸುವ ಚಿಕ್ಕ ಮೈದಾನದಲ್ಲಿ ಬಿಡಾರ ಹೂಡಿದೆ. ಲಾಸ್ ವೇಗಸ್‌ನ ಕ್ರೀಡಾಂಗಣ 2028ಕ್ಕೆ ಸಿದ್ಧವಾಗಬೇಕೆಂಬುದು ಯೋಜನೆ. ಅಲ್ಲಿಯವರೆಗೆ ಯಾವ ಊರಿನ ಹೆಸರನ್ನೂ ಹೊರದೆ ಬರೀ ‘ಅಥ್ಲೆಟಿಕ್ಸ್’ ಎಂದೇ ಆಡುವುದು ತಂಡದ ನಿರ್ಧಾರ. ಕ್ಯಾಲಿಫೋರ್ನಿಯಾದ ರಾತ್ರಿ ಪಂದ್ಯಗಳು ಬೆಂಗಳೂರಿನ ಬೆಳಗಿನ ಕಾಫಿಯ ಹೊತ್ತಿಗೆ ಆರಂಭವಾಗುವುದರಿಂದ ನಾನಿನ್ನೂ ಅಂಕಪಟ್ಟಿ ನೋಡುವುದುಂಟು. ಊರಿಲ್ಲದ ತಂಡದ ಹೆಸರನ್ನು ಓದುವಾಗ, ವಿಳಾಸವಿಲ್ಲದ ಅರ್ಜಿಯನ್ನು ಕೈಗೆತ್ತಿಕೊಂಡಂತೆ ಭಾಸವಾಗುತ್ತದೆ.

ನಮಗೆ ಇದು ದೂರದ ಸಂಗತಿಯಲ್ಲ. ಕೊಚ್ಚಿಯ ಐಪಿಎಲ್ ತಂಡ 2011ರಲ್ಲಿ ಒಂದೇ ಋತು ಆಡಿ ಇಲ್ಲವಾಯಿತು. ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ 2012ರಲ್ಲಿ ರದ್ದಾಯಿತು. ಬೆಂಗಳೂರಿನ ಜನ ತಮ್ಮ ಊರಿನ ಹೆಸರಿನ ತಂಡಕ್ಕಾಗಿ ಹದಿನೆಂಟು ಋತು ಕಾದರು. 2025ರ ಜೂನ್‌ನಲ್ಲಿ ಗೆಲುವಿನ ಮರುದಿನವೇ ಕ್ರೀಡಾಂಗಣದ ಹೊರಗೆ ಹನ್ನೊಂದು ಜೀವಗಳನ್ನು ಕಳೆದುಕೊಂಡರು. ಊರಿನ ಹೆಸರನ್ನೂ ಜನರ ಅಕ್ಕರೆಯನ್ನೂ ಬಂಡವಾಳವಾಗಿಸಿಕೊಂಡ ಸಂಸ್ಥೆ ಆ ಊರಿಗೆ ಏನನ್ನು ಕೊಡಬೇಕು ಎಂಬ ಪ್ರಶ್ನೆ ಎರಡೂ ದೇಶಗಳಲ್ಲಿ ಒಂದೇ.

ಮಾಲೀಕತ್ವವನ್ನು ಕಸಿದುಕೊಳ್ಳುವುದು ಇದಕ್ಕೆ ಪರಿಹಾರವೆಂದು ನಾನು ಭಾವಿಸುವುದಿಲ್ಲ. ಆದರೆ ಬೇರೆ ಮಾದರಿಗಳಿವೆ. ಅಮೆರಿಕದಲ್ಲೇ ಗ್ರೀನ್ ಬೇ ಎಂಬ ಸಣ್ಣ ಊರಿನ ಫುಟ್‌ಬಾಲ್ ತಂಡ 1923ರಿಂದ ಊರವರ ಷೇರುಗಳ ಮೇಲೆ ನಡೆಯುತ್ತಿದೆ; ಯಾರೂ ಅದನ್ನು ಹೊತ್ತೊಯ್ಯಲಾರರು. ಓಕ್ಲೆಂಡಿನಲ್ಲಿಯೂ 2024ರಲ್ಲಿ ಬಾಲರ್ಸ್ ಎಂಬ ಚಿಕ್ಕ ತಂಡವೊಂದು ಆಡತೊಡಗಿ, ಅಭಿಮಾನಿಗಳಿಗೂ ಷೇರು ಕೊಳ್ಳುವ ಅವಕಾಶ ಕೊಟ್ಟಿತು. ಸರ್ಕಾರಗಳು ಭೂಮಿಯನ್ನೋ ತೆರಿಗೆ ವಿನಾಯಿತಿಯನ್ನೋ ಪೊಲೀಸ್ ಬಂದೋಬಸ್ತನ್ನೋ ಒದಗಿಸುವಾಗ, ಕನಿಷ್ಠ ಇಂತಿಷ್ಟು ವರ್ಷ ಊರು ಬಿಡಬಾರದು, ಬಿಡುವುದಾದರೆ ಸಾಲ ತೀರಿಸಿ ಹೆಸರನ್ನೂ ದಾಖಲೆಗಳನ್ನೂ ಇಲ್ಲಿಯೇ ಬಿಟ್ಟುಹೋಗಬೇಕು ಎಂಬ ಷರತ್ತುಗಳನ್ನು ಕರಾರಿನಲ್ಲೇ ಬರೆಯಿಸಬಹುದು. ಜನರ ಹಣದ ಪಾಲು ಇದ್ದಲ್ಲಿ ಜನರ ಮಾತಿಗೂ ಪಾಲಿರಬೇಕು. ಹಾಗೆ ಕೇಳಲು ಸೂಕ್ತ ಸಮಯ ತಂಡವು ಊರಿಗೆ ಬರುವಾಗ. ಹೊರಟುನಿಂತಾಗ ಕೂಗಿದರೆ ಗೆದ್ದ ಪಂದ್ಯದ ಮುಂದೆ ಅಳುವುದಷ್ಟೇ ಉಳಿಯುತ್ತದೆ.