ಗಾಳಿಗೆ ಕ್ಯಾಮೆರಾ ಹಿಡಿದವರು

ನಂದಿಬೆಟ್ಟದ ಸುತ್ತಮುತ್ತ ಹುಟ್ಟುವ ನದಿಗಳು ಯಾವುವು ಎಂದು ಕೇಳಿದರೆ ಚಿಕ್ಕಬಳ್ಳಾಪುರದ ಶಾಲಾಮಕ್ಕಳು ಪಟಪಟನೆ ಒಪ್ಪಿಸುತ್ತಾರೆ: ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ. ಆ ನದಿಗಳಲ್ಲಿ ದೋಣಿ ತೇಲುವಷ್ಟು ನೀರು ಕಂಡಿದ್ದೀರಾ ಎಂದರೆ ಮಾತ್ರ ದೊಡ್ಡವರೂ ನಕ್ಕುಬಿಡುತ್ತಾರೆ. ಗೌರಿಬಿದನೂರಿನಲ್ಲಿ ಪಿನಾಕಿನಿ ಮೈದುಂಬಿದರೆ ಸೇತುವೆಯ ಮೇಲೆ ಜನ ಸೇರುತ್ತಾರೆ, ಅದೇ ಒಂದು ಸುದ್ದಿ. ಇಂಥ ಸೀಮೆಯಲ್ಲಿ ಹಾಯಿದೋಣಿ ಪಂದ್ಯದ ಫೋಟೊಗ್ರಫಿಯ ಮಾತೆತ್ತುವುದು ಕೊಂಚ ಅತಿ ಎನಿಸಬಹುದು.

ಆದರೂ ನಂಟು ಇದೆ. ಕರ್ನಾಟಕದ ಒಳನಾಡಿನಲ್ಲಿ ರಾಷ್ಟ್ರಮಟ್ಟದ ಹಾಯಿದೋಣಿ ಪಂದ್ಯಗಳು ನಡೆಯುವುದು ಕನ್ನಂಬಾಡಿಯ ಹಿನ್ನೀರಿನಲ್ಲಿ. 49.45 ಟಿಎಂಸಿ ಅಡಿ ನೀರು ಹಿಡಿಯುವ ಆ ಅಣೆಕಟ್ಟೆಯ ಕೆಲಸ 1911ರಲ್ಲಿ ಶುರುವಾದಾಗ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ. ಚಿಕ್ಕಬಳ್ಳಾಪುರ ತಾಲ್ಲೂಕಿನವರು ಕಟ್ಟಿಸಿದ ನೀರಿನ ಮೇಲೆ ಇವತ್ತು ದೇಶದ ಹುಡುಗ ಹುಡುಗಿಯರು ಹಾಯಿ ಬಿಚ್ಚುತ್ತಾರೆ. ಭದ್ರಾವತಿ ಕಾರ್ಖಾನೆ, ಸಾಬೂನು, ಬ್ಯಾಂಕು ಎಂದು ಎಂ.ವಿ. ಅವರ ಸಾಧನೆ ಎಣಿಸುವವರು ಈ ಒಂದನ್ನು ಬಿಟ್ಟೇಬಿಡುತ್ತಾರೆ. ಬಹುಶಃ ಸ್ವತಃ ಎಂ.ವಿ. ಅವರಿಗೂ ಇದು ಹೊಳೆದಿರಲಿಕ್ಕಿಲ್ಲ.

ರಾಜ್ಯದಲ್ಲಿ ಈ ಆಟವನ್ನು ಬೆಳೆಸಿದ್ದು ಮುಖ್ಯವಾಗಿ ಸೇನೆಯ ಎಂಜಿನಿಯರುಗಳು. ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲೇ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ನೆಲೆ ಇದೆ. ಸೇತುವೆ ಕಟ್ಟುವುದು, ನದಿ ದಾಟಿಸುವುದು ಅವರ ಕಸುಬು. ನೀರಿನ ಸಹವಾಸ ಅವರಿಗೆ ಕೆಲಸವೂ ಹೌದು, ಆಟವೂ ಹೌದು. ಅಲ್ಲಿನ ಕ್ಲಬ್ಬಿನ ಹೆಸರು ತ್ರಿಷ್ಣಾ. ಸೇನೆಯ ಎಂಜಿನಿಯರುಗಳು 1985ರಿಂದ 1987ರವರೆಗೆ ಭೂಪ್ರದಕ್ಷಿಣೆ ಮಾಡಿಬಂದ ಹಾಯಿದೋಣಿಯ ಹೆಸರೂ ಅದೇ. ಭಾರತೀಯರು ಹಾಯಿಯನ್ನೇ ನಂಬಿ ಲೋಕ ಸುತ್ತಿದ್ದು ಅದೇ ಮೊದಲು.

ಈ ಪಂದ್ಯಗಳನ್ನು ‘ರೆಗಟಾ’ ಎನ್ನುತ್ತಾರೆ. ಒಂದು ರೆಗಟಾದಲ್ಲಿ ಹಲವು ದಿನ, ಹಲವು ಓಟ. ಎಲ್ಲವನ್ನೂ ಕೂಡಿಸಿ ಯಾರ ಅಂಕ ಅತಿ ಕಡಿಮೆಯೋ ಅವರೇ ಗೆದ್ದವರು. ಮೊದಲನೆಯವರಿಗೆ ಒಂದಂಕ, ಎರಡನೆಯವರಿಗೆ ಎರಡು. ಕ್ರಿಕೆಟ್ಟಿನ ಲೆಕ್ಕಕ್ಕೆ ಒಗ್ಗಿದ ನಮಗೆ ಇದು ತಲೆಕೆಳಗಾಗಿ ಕಾಣುವುದು ಸಹಜ. ಮಕ್ಕಳು ಓಡಿಸುವುದು ‘ಆಪ್ಟಿಮಿಸ್ಟ್’ ಎಂಬ ಪುಟ್ಟ ದೋಣಿಯನ್ನು. ಎರಡೂವರೆ ಮೀಟರೂ ಇಲ್ಲದ, ಮೂತಿ ಮೊಂಡಾದ, ಒಂದೇ ಹಾಯಿಯ ಈ ದೋಣಿಯನ್ನು 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ ರೂಪಿಸಿದ. ಹದಿನೈದು ವಯಸ್ಸು ದಾಟಿದವರಿಗೆ ಇದರಲ್ಲಿ ಜಾಗವಿಲ್ಲ. ಅಲ್ಲಿಂದ ಮುಂದೆ ಒಬ್ಬರೇ ನಡೆಸುವ ಲೇಸರ್, ಅಂದರೆ ಈಗಿನ ಹೆಸರಿನಲ್ಲಿ ಐಎಲ್‌ಸಿಎ; ಇಬ್ಬರು ನಡೆಸುವ 420, 470, 49ಇಆರ್ ಮುಂತಾದವು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೆನ್ನೈನ ನೇತ್ರಾ ಕುಮನನ್, ಸೇನೆಯ ವಿಷ್ಣು ಸರವಣನ್ ಐಎಲ್‌ಸಿಎ ದೋಣಿಗಳಲ್ಲಿ ಸ್ಪರ್ಧಿಸಿದರು. ಅದೇ ಕೂಟದಲ್ಲಿ ವರುಣ್ ಠಕ್ಕರ್ ಜೊತೆ 49ಇಆರ್ ನಡೆಸಿದ ಕೆ.ಸಿ. ಗಣಪತಿಯ ಪೂರ್ಣ ಹೆಸರು ಕೇಲಪಂಡ ಚೆಂಗಪ್ಪ ಗಣಪತಿ. ಮನೆತನದ ಹೆಸರು ಕೇಳಿದರೆ ಕೊಡಗಿನ ಬೇರು ಗೊತ್ತಾಗುತ್ತದೆ.

ಇನ್ನು ಈ ಆಟದ ಬೆನ್ನುಹತ್ತಿದ ಕ್ಯಾಮೆರಾದವರ ವಿಷಯ.

ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಕೌಸ್ ಎಂಬ ಊರಿನಲ್ಲಿ 1826ರಿಂದ ರೆಗಟಾ ನಡೆಯುತ್ತಿದೆ. 1888ರಲ್ಲಿ ಬೀಕನ್ ಎಂಬ ಕುಟುಂಬ ಆ ಊರಿಗೆ ಬಂದು ಔಷಧಿ ಅಂಗಡಿ ಹಾಕಿತು. ಆ ಮನೆಯ ಮಗ ಫ್ರಾಂಕ್ ಬೀಕನ್‌ಗೆ ಅಂಗಡಿಯ ಗಲ್ಲಾಕ್ಕಿಂತ ಎದುರಿನ ಸಮುದ್ರದಲ್ಲಿ ಓಡುವ ಹಾಯಿಗಳ ಮೇಲೆ ಕಣ್ಣು. ಆ ಕಾಲದ ಕ್ಯಾಮೆರಾಗಳು ಉಪ್ಪುನೀರಿಗೆ ತಾಳುತ್ತಿರಲಿಲ್ಲ, ಓಲಾಡುವ ದೋಣಿಯಲ್ಲಿ ಫೋಕಸ್ ಮಾಡುವುದಂತೂ ದೂರದ ಮಾತು. ಆತ ಮರದ ಪೆಟ್ಟಿಗೆಯ ಕ್ಯಾಮೆರಾವೊಂದನ್ನು ತಾನೇ ಮಾಡಿಸಿಕೊಂಡ. ನೋಡಲು ಒಂದು ಮಸೂರ, ಚಿತ್ರಕ್ಕೆ ಇನ್ನೊಂದು. ಪೆಟ್ಟಿಗೆ ಹಿಡಿಯಲು ಎರಡೂ ಕೈ ಬೇಕಲ್ಲ, ಹಾಗಾದರೆ ಶಟರ್ ಒತ್ತುವುದು ಯಾವುದರಿಂದ? ರಬ್ಬರ್ ಉಂಡೆಯೊಂದನ್ನು ಹಲ್ಲಿನ ನಡುವೆ ಇಟ್ಟುಕೊಂಡು, ಅಲೆ ಸರಿಯಾದ ಕ್ಷಣಕ್ಕೆ ಬಂದಾಗ ಕಚ್ಚುತ್ತಿದ್ದ! ಆತನ ಮಗ, ಮೊಮ್ಮಗನವರೆಗೂ ಆ ಕೆಲಸ ನಡೆದು ‘ಬೀಕನ್ ಆಫ್ ಕೌಸ್’ ಹಾಯಿದೋಣಿ ಚಿತ್ರಗಳಿಗೆ ಇನ್ನೊಂದು ಹೆಸರಾಯಿತು. ಅಮೆರಿಕದಲ್ಲಿ ಮಾರಿಸ್ ರೋಸೆನ್‌ಫೆಲ್ಡ್ ಮತ್ತು ಮಕ್ಕಳದ್ದು ಇಂಥದೇ ಕಥೆ. ಅವರು ಚಿತ್ರ ತೆಗೆಯಲು ಬಳಸುತ್ತಿದ್ದ ದೋಣಿಗೆ ‘ಫೋಟೊ’ ಎಂದೇ ಹೆಸರಿಟ್ಟಿದ್ದರು. ಅವರ ಸಂಗ್ರಹ ಈಗ ಮಿಸ್ಟಿಕ್ ಸೀಪೋರ್ಟ್ ಸಂಗ್ರಹಾಲಯದಲ್ಲಿದೆ.

ಕರ್ನಾಟಕದಲ್ಲಿ ಹವ್ಯಾಸಿ ಛಾಯಾಗ್ರಹಣಕ್ಕೆ ಬರವಿಲ್ಲ. ಬೆಂಗಳೂರಿನ ಜಿ. ಥಾಮಸ್ ಮುಂತಾದವರ ಮುಂದಾಳತ್ವದಲ್ಲಿ 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ರೂಪುಗೊಂಡಿತು. 1971ರಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಬಂತು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಕಾಡಿಗೆ ಹೋದರು. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಬಜೆಟ್ಟಿನ ನಡುವೆಯೂ ಆನೆ, ಜಿಂಕೆಗಳ ಹಿಂದೆ ಬಿದ್ದರು. ನಂದಿಬೆಟ್ಟದಲ್ಲಂತೂ ಹಳದಿ ಕತ್ತಿನ ಪಿಕಳಾರಕ್ಕಾಗಿ ಬೆಳಗಾಗುವ ಮುಂಚೆಯೇ ಉದ್ದ ಲೆನ್ಸಿನವರ ಸಾಲು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಸಂಸ್ಕರಿತ ನೀರು ಕಂದವಾರ ಕೆರೆಗೆ ಬಂದ ಮೇಲೆ ಅಲ್ಲಿಗೂ ಹಕ್ಕಿಯವರ ಓಡಾಟ. ಹಕ್ಕಿ, ಹುಲಿ, ಸೂರ್ಯೋದಯ ಎಂದು ನಮ್ಮ ಹವ್ಯಾಸಿಗಳು ಸವೆಸಿದ ದಾರಿಯೇ ಸವೆಯುತ್ತಿರುವಾಗ ಹಾಯಿಯ ಕಡೆ ತಿರುಗಿದವರು ಬೆರಳೆಣಿಕೆ.

ಕಾರಣ ದೂರ ಒಂದೇ ಅಲ್ಲ. ಹಕ್ಕಿಯ ಚಿತ್ರಕ್ಕೆ ತಾಳ್ಮೆ ಬೇಕು; ಹಾಯಿಯ ಚಿತ್ರಕ್ಕೆ ಗಾಳಿ ಓದಲು ಬರಬೇಕು. ಇದು ಬಯಲುಸೀಮೆಯವರಿಗೆ ಅಷ್ಟೇನೂ ಹೊಸ ವಿದ್ಯೆಯಲ್ಲ. ಆಷಾಢ ಬಂತೆಂದರೆ ದೊಡ್ಡಬಳ್ಳಾಪುರದಲ್ಲಿ ಗಾಳಿಪಟದ ಸ್ಪರ್ಧೆ ನಡೆಯುತ್ತದೆ, ಈ ಕಡೆಯ ಊರುಗಳ ಮಾಳಿಗೆಗಳ ಮೇಲೂ ಪಟ ಏರುತ್ತವೆ. ಸೂತ್ರ ಕಟ್ಟುವುದರಲ್ಲಿ ಒಂದು ಎಳೆ ಹೆಚ್ಚುಕಡಿಮೆಯಾದರೆ ಪಟ ಗಿರಕಿ ಹೊಡೆಯುತ್ತದೆ ಎಂಬುದು ಇಲ್ಲಿನ ಯಾವ ಹುಡುಗನಿಗೂ ಗೊತ್ತು. ಹಾಯಿಯೂ ಹಾಗೆಯೇ. ಗಾಳಿ ಅದನ್ನು ಹಿಂದಿನಿಂದ ತಳ್ಳುತ್ತದೆ ಎಂದಷ್ಟೇ ತಿಳಿದವರಿಗೆ ದೋಣಿ ಗಾಳಿ ಬಂದ ದಿಕ್ಕಿಗೇ ಹೋಗುವುದು ಪವಾಡವಾಗಿ ಕಾಣುತ್ತದೆ. ಬಾಗಿದ ಬಟ್ಟೆಯ ಎರಡೂ ಬದಿಯಲ್ಲಿ ಗಾಳಿ ಹರಿದು ಅದನ್ನು ಎಳೆಯುತ್ತದೆ. ಪಟವನ್ನು ದಾರ ಹಿಡಿದು ನಿಲ್ಲಿಸಿದಂತೆ, ದೋಣಿ ಪಕ್ಕಕ್ಕೆ ಜಾರದಂತೆ ನೀರಿನೊಳಗೆ ಇಳಿಬಿಟ್ಟ ಹಲಗೆ ತಡೆಯುತ್ತದೆ. ಉಳಿದ ಬಲ ಮುಂದಕ್ಕೆ ಒಯ್ಯುತ್ತದೆ. ಆದರೂ ಗಾಳಿಗೆ ನೇರ ಎದುರಾಗಿ ಯಾವ ದೋಣಿಯೂ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತ ಹೋಗಬೇಕು. ಆ ತಿರುವಿಗೆ ಟ್ಯಾಕ್ ಎನ್ನುತ್ತಾರೆ.

ಛಾಯಾಗ್ರಾಹಕನಿಗೆ ಚಿತ್ರ ಸಿಗುವುದು ಇಂಥ ತಿರುವುಗಳಲ್ಲೇ. ನೇರ ಓಡುವಾಗ ದೋಣಿ ಚೆಂದ ಕಾಣುತ್ತದೆ, ಅಷ್ಟೇ. ಗಾಳಿ ಬರುವ ಕಡೆ ಗುರುತಿಗೆಂದು ತೇಲಿಬಿಟ್ಟ ಬುರುಡೆಯನ್ನು ಹತ್ತು ಹದಿನೈದು ದೋಣಿಗಳು ಒಟ್ಟಿಗೆ ಸುತ್ತುವಾಗ ಕೂಗಾಟ, ಜಾಗಕ್ಕಾಗಿ ನುಗ್ಗಾಟ, ಹಗ್ಗ ಎಳೆಯುವ ಬಿರುಸು ಎಲ್ಲ ಒಂದೇ ಚೌಕಟ್ಟಿನಲ್ಲಿ ಬರುತ್ತದೆ. ಇನ್ನೊಂದು ಜಾಗ, ಆರಂಭದ ಗೆರೆ. ಓಟ ಶುರುವಾಗುವ ಐದು ನಿಮಿಷ ಮೊದಲು ತೀರ್ಪುಗಾರರ ದೋಣಿಯಲ್ಲಿ ಒಂದು ಬಾವುಟ ಏರುತ್ತದೆ, ನಾಲ್ಕು ನಿಮಿಷ ಉಳಿದಾಗ ಇನ್ನೊಂದು. ಒಂದು ನಿಮಿಷ ಉಳಿದಾಗ ಆ ಎರಡನೆಯದು ಇಳಿಯುತ್ತದೆ. ಬಾವುಟ ಓದಲು ಬಂದವರು ಕ್ಯಾಮೆರಾ ಸಿದ್ಧವಾಗಿಟ್ಟುಕೊಂಡು ಕಾಯುತ್ತಾರೆ. ಬಾರದವರು ಹಿಂದಿನ ಚಿತ್ರವನ್ನು ಪರದೆಯಲ್ಲಿ ನೋಡುತ್ತಿರುವಾಗಲೇ ಓಟ ಶುರುವಾಗಿಬಿಟ್ಟಿರುತ್ತದೆ. ಈ ಹವ್ಯಾಸಕ್ಕೆ ಇಳಿದವರು ಬೇಗ ತಾವೂ ಹಾಯಿ ಕಲಿಯಲು ಹೊರಡುವುದು ಇದಕ್ಕೇ. ಆದರೆ ಎರಡೂ ಒಂದೇ ದಿನ ಆಗುವ ಕೆಲಸವಲ್ಲ. ಸಣ್ಣ ದೋಣಿಯಲ್ಲಿ ಒಂದು ಕೈ ಚುಕ್ಕಾಣಿಗೆ, ಇನ್ನೊಂದು ಹಾಯಿಯ ಹಗ್ಗಕ್ಕೆ. ಕ್ಯಾಮೆರಾಕ್ಕೆ ಹಲ್ಲೂ ಬಿಡುವಿಲ್ಲ.

ತಾಂತ್ರಿಕವಾಗಿ ಬಿಳಿ ಹಾಯಿಯೇ ದೊಡ್ಡ ತಂಟೆ. ಚೌಕಟ್ಟಿನ ತುಂಬ ಹಾಯಿ ಇದ್ದರೆ ಕ್ಯಾಮೆರಾ ಅದನ್ನು ಬೂದು ಮಾಡುತ್ತದೆ, ಎಕ್ಸ್‌ಪೋಶರ್ ಕೊಂಚ ಏರಿಸಬೇಕು. ಹಾಯಿ ದೂರದಲ್ಲಿ ಪುಟ್ಟದಾಗಿದ್ದು ಸುತ್ತ ಕಪ್ಪುನೀರೇ ತುಂಬಿದ್ದರೆ ಹಾಯಿ ಸುಣ್ಣ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ, ಆಗ ಇಳಿಸಬೇಕು. ಹನಿಗಳು ಗಾಳಿಯಲ್ಲಿ ನಿಂತಂತೆ ಕಾಣಲು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ವೇಗದ ಶಟರ್ ಬೇಕು. ಮೋಟಾರು ದೋಣಿಯಲ್ಲಿ ನಿಂತಿದ್ದರೆ ಅಂಚಿಗೆ ಒರಗಬಾರದು, ಎಂಜಿನ್ನಿನ ನಡುಕ ಲೆನ್ಸಿಗೆ ಇಳಿಯುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ ನಿಂತರೆ ಕಾಲೇ ಅಲುಗಾಟವನ್ನು ನುಂಗಿಕೊಳ್ಳುತ್ತದೆ. ನೀರಂಚು ಓರೆಯಾಗಿ ಬಂದ ಚಿತ್ರವನ್ನು ಯಾರೂ ಕ್ಷಮಿಸುವುದಿಲ್ಲ. ಮಳೆಗಾಲದ ಮೋಡ ಒಳ್ಳೆಯದೇ, ಮುಖದ ಮೇಲೆ ಗಡುಸು ನೆರಳು ಬೀಳುವುದಿಲ್ಲ.

ಹೊಸಬರು ಮುಗಿಬೀಳುವುದು ದೋಣಿ ಮಗುಚುವ ಚಿತ್ರಕ್ಕೆ. ಅದಕ್ಕೆ ಚಪ್ಪಾಳೆಯೂ ಸಿಗುತ್ತದೆ. ಆದರೆ ಮಗುಚಿದ ದೋಣಿಯನ್ನು ನಿಲ್ಲಿಸಿಕೊಳ್ಳುವುದು ಆಪ್ಟಿಮಿಸ್ಟ್ ಮಕ್ಕಳೂ ಆರಂಭದಲ್ಲೇ ಕಲಿಯುವ ಪಾಠ, ಅದರಲ್ಲಿ ಸುದ್ದಿ ಏನೂ ಇಲ್ಲ. ದೋಣಿ ಮಗುಚದಿರಲೆಂದು ಅಂಚಿನಾಚೆ ಬೆನ್ನು ಚಾಚಿ, ಹೊಟ್ಟೆಯ ಸ್ನಾಯು ಬಿಗಿದು, ಕಣ್ಣನ್ನು ಮುಂದಿನ ಗಾಳಿಯ ಮೇಲೆ ನೆಟ್ಟವರ ಚಿತ್ರವೇ ಹೆಚ್ಚು ಹೇಳುತ್ತದೆ. ಬೀಕನ್ ಚಿತ್ರಗಳು ಇಂದಿಗೂ ಹಳತಾಗದಿರುವುದು ಅವುಗಳಲ್ಲಿ ಗಾಳಿ ಕಾಣುವುದರಿಂದ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಆಸಕ್ತರು ಎಲ್ಲಿಂದ ಶುರುಮಾಡಬಹುದು? ಕನ್ನಂಬಾಡಿಯ ಪಂದ್ಯಗಳು ನಡೆಯುವುದು ದಡದಿಂದ ದೂರದ ಹಿನ್ನೀರಿನಲ್ಲಿ, ಆಯೋಜಕರ ಅನುಮತಿ ಪಡೆದು ದೋಣಿ ಏರದೆ ಕೆಲಸವಾಗದು. ಹಲಸೂರು ಕೆರೆಯ ಸೇನೆಯ ಭಾಗಕ್ಕೂ ಹಾಗೆ ನುಗ್ಗುವಂತಿಲ್ಲ. ಸುಲಭದ ಜಾಗ ಹೈದರಾಬಾದಿನ ಹುಸೇನ್ ಸಾಗರ. ಅಲ್ಲಿ ಮಳೆಗಾಲದಲ್ಲಿ, ಸಾಮಾನ್ಯವಾಗಿ ಜುಲೈ ಹೊತ್ತಿಗೆ, ಹೈದರಾಬಾದ್ ಸೇಲಿಂಗ್ ವೀಕ್ ಮತ್ತು ಮಾನ್ಸೂನ್ ರೆಗಟಾ ನಡೆಯುತ್ತವೆ. ಕೆರೆಯ ಸುತ್ತ ರಸ್ತೆ, ನಡುವೆ ಬುದ್ಧನ ಏಕಶಿಲಾ ಮೂರ್ತಿ. ದಡದಲ್ಲೇ ನಿಂತು ಉದ್ದ ಲೆನ್ಸಿನಲ್ಲಿ ಅಭ್ಯಾಸ ಮಾಡಬಹುದು. ಬೆಂಗಳೂರಿನಿಂದ ಆ ಕಡೆ ಹೋಗುವ ರೈಲು ಹಳಿ ಗೌರಿಬಿದನೂರಿನ ಮೇಲೆಯೇ ಹಾದುಹೋಗುತ್ತದೆ.

ದೋಣಿ ಏರುವ ಅವಕಾಶ ಸಿಕ್ಕರೆ, ಈಜು ಬಂದರೂ ಲೈಫ್ ಜಾಕೆಟ್ ಹಾಕಿಕೊಳ್ಳಿ. ಪಂದ್ಯದ ದಾರಿಗೆ ಅಡ್ಡ ಹೋಗಬೇಡಿ, ನಿಮ್ಮ ದೋಣಿ ಎಬ್ಬಿಸುವ ಅಲೆ ಒಬ್ಬ ಹುಡುಗಿಯ ಸ್ಥಾನವನ್ನೇ ಕೆಳಕ್ಕಿಳಿಸಬಹುದು. ಹಾಯಿಯ ಮೇಲಿನ ಸಂಖ್ಯೆ ಸ್ಪಷ್ಟವಾಗಿ ಕಾಣುವ ಚಿತ್ರಗಳನ್ನು ಆರಿಸಿ ಆಯೋಜಕರಿಗೆ ಕೊಟ್ಟುಬನ್ನಿ. ಆ ಸಂಖ್ಯೆಯಿಂದಲೇ ಯಾರ ಚಿತ್ರ ಯಾರಿಗೆ ತಲುಪಬೇಕೆಂದು ಅವರಿಗೆ ಗೊತ್ತಾಗುತ್ತದೆ. ಮುಂದಿನ ವರ್ಷ ರಕ್ಷಣಾ ದೋಣಿಯಲ್ಲಿ ನಿಮಗೊಂದು ಜಾಗ ಕೇಳಲು ಆಗ ಸಂಕೋಚಪಡಬೇಕಿಲ್ಲ.